ಕೂಲರ್ ನೀರು, ಸುಣ್ಣದ ಮಣ್ಣು ಮತ್ತು ನಮ್ಮ ಕಂಪೌಂಡಿನ ಗಿಡಗಳು

ಕಲಬುರಗಿಯ ಸೇಡಂ ರಸ್ತೆಯ ಕಡೆಗಿರುವ ಬಡಾವಣೆಯಲ್ಲಿ ನಮ್ಮ ಮನೆ. ನಾನು ಶಾಲೆಯ ಕೆಲಸದಿಂದ ನಿವೃತ್ತಳಾದ 2018ರಲ್ಲಿ ಕಂಪೌಂಡಿನ ಒಳಮಗ್ಗುಲಿಗೆ ಎರಡೂವರೆ ಅಡಿ ಅಗಲದ ಪಾತಿ ಮಾಡಿಸಿ, ಆರು ದಾಸವಾಳ, ನಾಲ್ಕು ಇಕ್ಸೋರಾ (ಕೇಪಳ), ಎರಡು ನಂದಿಬಟ್ಟಲು, ಮೂಲೆಗೊಂದು ಕಾಗದದ ಹೂವಿನ ಗಿಡ ಹಚ್ಚಿಸಿದೆ. ಮರುವರ್ಷ ಮಗಳು ಊಟಿಗೆ ಹೋದವಳು ಅಲ್ಲಿಯ ನರ್ಸರಿಯೊಂದರಿಂದ ಮೂರು ಸ್ಪೈರಿಯಾ ಸಸಿಗಳನ್ನು ತಂದುಕೊಟ್ಟಳು. ಗುಲಾಬಿಯ ಕುಟುಂಬಕ್ಕೆ ಸೇರಿದ, ಬಾಗಿದ ಕೊಂಬೆಗಳ ತುಂಬ ಬಿಳಿ ಹೂವಿನ ಗೊಂಚಲು ಬಿಡುವ, ಚೀನಾ ಮೂಲದ ಪೊದೆ ಅದು. ನಮ್ಮ ಬಿಸಿಲಿಗೆ ಅದು ಹೇಳಿ ಮಾಡಿಸಿದ ಗಿಡವಲ್ಲವೆಂದು ಗೊತ್ತಿದ್ದರೂ ಮಗಳು ತಂದದ್ದೆಂಬ ಪ್ರೀತಿಯಿಂದ ಅದೇ ಪಾತಿಯ ಪೂರ್ವದ ತುದಿಯಲ್ಲಿ ನೆಟ್ಟೆ.

ಮೊದಲೆರಡು ವರ್ಷ ಎಲ್ಲವೂ ಚೆನ್ನಾಗಿ ನಡೆಯಿತು. ಮೂರನೆಯ ಬೇಸಿಗೆಯ ಹೊತ್ತಿಗೆ ಇಕ್ಸೋರಾದ ಎಳೆಯ ಎಲೆಗಳು ಹಳದಿಗೆ ತಿರುಗಿದವು, ದಾಸವಾಳದ ಮೊಗ್ಗುಗಳು ಅರಳುವ ಮೊದಲೇ ಉದುರತೊಡಗಿದವು, ಸ್ಪೈರಿಯಾದ ಎಲೆಯಂಚುಗಳು ಬೆಂಕಿ ತಾಗಿದಂತೆ ಕಂದಾದವು. ಆಗ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಬಿಸಿಲಿಗೆ ಸೊರಗಿವೆಯೆಂದು ದಿನಕ್ಕೊಮ್ಮೆ ಹಾಕುತ್ತಿದ್ದ ನೀರನ್ನು ಎರಡು ಹೊತ್ತು ಹಾಕಿದೆ; ಹಸಿದಿವೆಯೆಂದು ಗಿಡಕ್ಕೊಂದು ಹಿಡಿ ಡಿಎಪಿ (ರಂಜಕವೇ ಹೆಚ್ಚಿರುವ ರಾಸಾಯನಿಕ ಗೊಬ್ಬರ) ಸುರಿದೆ. ಹದಿನೈದು ದಿನಗಳಲ್ಲಿ ಸ್ಪೈರಿಯಾದ ಒಂದು ಗಿಡ ಪೂರ್ತಿ ಒಣಗಿತು, ಇಕ್ಸೋರಾಗಳು ಹಳದಿ ಬಣ್ಣವನ್ನೂ ಕಳೆದುಕೊಂಡು ಬಿಳುಪೇರಿದವು. ಹೊಟ್ಟೆ ಕೆಟ್ಟವನಿಗೆ ಹೋಳಿಗೆ ಬಡಿಸಿದಂತಾಗಿತ್ತು ನನ್ನ ಉಪಚಾರ. ರಂಜಕ ಹೆಚ್ಚಾದರೆ ಕಬ್ಬಿಣ ಮತ್ತು ಸತು ಗಿಡಕ್ಕೆ ದಕ್ಕುವುದು ಇನ್ನೂ ಕಷ್ಟವಾಗುತ್ತದೆ ಎಂಬುದು ಆಮೇಲೆ ತಿಳಿದ ಮಾತು.

ತಿಂಗಳಿಗೊಮ್ಮೆ ಬಂದು ಕಳೆ ತೆಗೆಯುತ್ತಿದ್ದ ಮಾಲಿಯ ಮುಂದೆ ಇದನ್ನೆಲ್ಲ ಹೇಳಿಕೊಂಡಾಗ ಆತ, "ಎಲೀ ನೋಡಿದ್ರ ಏನ್ ತಿಳೀತದ್ರಿ ಅಕ್ಕೋರ, ಬೇರ ನೋಡಬೇಕು" ಎಂದು ಸತ್ತ ಸ್ಪೈರಿಯಾವನ್ನು ಹಾರೆಯಿಂದ ಎಬ್ಬಿಸಿದ. ಆ ಗಿಡದ ಬೇರುಗಳು ನರ್ಸರಿಯ ಚೀಲದ ಆಕಾರದಲ್ಲಿಯೇ ಸುತ್ತಿಕೊಂಡು ಉಂಡೆಯಾಗಿ ನಿಂತಿದ್ದವು. ಎರಡು ವರ್ಷದಲ್ಲಿ ಒಂದು ಬೇರೂ ಹೊರಗಿನ ಮಣ್ಣಿಗೆ ಕಾಲಿಟ್ಟಿರಲಿಲ್ಲ. ಕಾಂಡದ ಬುಡವನ್ನು ನಾನು ಮೂರು ಬೆರಳಿನಷ್ಟು ಮಣ್ಣಿನೊಳಗೆ ಹೂತುಬಿಟ್ಟಿದ್ದೆ. ಅಲ್ಲಿಯ ತೊಗಟೆ ಕೊಳೆತಿತ್ತು. ಇನ್ನೊಂದು ಅಡಿ ಅಗೆದಾಗ ಮನೆ ಕಟ್ಟುವಾಗ ಉಳಿದ ಶಹಾಬಾದ ಕಲ್ಲಿನ ಚೂರು, ಗಟ್ಟಿಗೊಂಡ ಸಿಮೆಂಟಿನ ಹೆಂಟೆ, ಗಾರೆಯ ತುಣುಕು ಬುಟ್ಟಿಗಟ್ಟಲೆ ಸಿಕ್ಕವು. ಅವುಗಳ ಮೇಲೆ ಒಂದು ಅಡಿ ಎರೆಮಣ್ಣು ಹರಡಿ ನಾವು ಅದನ್ನು ಪಾತಿ ಎಂದು ಕರೆದಿದ್ದೆವು.

ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ ಫರಸಿ ಸುಣ್ಣಕಲ್ಲೇ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಈ ಸುಣ್ಣಕಲ್ಲಿನ ಮೇಲೆಯೇ. ಹಾಗಾಗಿ ಮಣ್ಣಿನಲ್ಲಿ ಸುಣ್ಣ ಎಷ್ಟಿದೆ ಎಂದು ನೋಡುವ ಸುಲಭದ ಉಪಾಯವನ್ನು ಮಾಡಿದೆ: ಪಾತಿಯ ಒಣಮಣ್ಣನ್ನು ಒಂದು ಬಟ್ಟಲಿಗೆ ಹಾಕಿ ಅದರ ಮೇಲೆ ವಿನೆಗರ್ ಸುರಿದೆ. ಸೋಡಾ ಬಾಟಲಿ ತೆರೆದಂತೆ ಮಣ್ಣು ನೊರೆಯೆದ್ದು ಬುಸುಗುಟ್ಟಿತು. ಮಣ್ಣು ಪರೀಕ್ಷೆಗೂ ಕೊಟ್ಟೆ; ರಸಸಾರ (ಪಿಎಚ್) 8.4, ಅಂದರೆ ಕ್ಷಾರದ ಮಣ್ಣು, ಎಂದು ವರದಿ ಬಂತು. ಇಂಥ ಮಣ್ಣಿನಲ್ಲಿ ಕಬ್ಬಿಣ ಇದ್ದೂ ಇಲ್ಲದಂತೆ. ನೀರಿನಲ್ಲಿ ಕರಗದ ರೂಪದಲ್ಲಿ ಅದು ಕಟ್ಟಿಕೊಂಡಿರುವುದರಿಂದ ಬೇರು ಅದನ್ನು ಹೀರಲಾರದು. ಗುರುತು ಹಿಡಿಯುವುದು ಕಷ್ಟವಲ್ಲ: ಕಬ್ಬಿಣ ಸಿಗದಿದ್ದರೆ ತುದಿಯ ಎಳೆಯ ಎಲೆಗಳು ಮೊದಲು ಹಳದಿಯಾಗಿ ಅವುಗಳ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ, ಸಾರಜನಕದ ಕೊರತೆಯಾದರೆ ಕೆಳಗಿನ ಹಳೆಯ ಎಲೆಗಳು ನರಸಮೇತ ಪೂರ್ತಿ ಹಳದಿಯಾಗುತ್ತವೆ. ನನ್ನ ಗಿಡಗಳಲ್ಲಿದ್ದದ್ದು ಮೊದಲಿನ ಬಗೆ. ನಾನು ಕೊಟ್ಟ ಔಷಧ ಎರಡನೆಯ ಬಗೆಯ ರೋಗಕ್ಕೂ ಸರಿಯಾದುದಾಗಿರಲಿಲ್ಲ.

ಆದರೆ ಇಷ್ಟರಿಂದ ಒಂದು ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಸುಣ್ಣ ಇಡೀ ಪಾತಿಯಲ್ಲಿದ್ದರೂ ಪೂರ್ವದ ತುದಿಯ ಗಿಡಗಳೇ ಏಕೆ ಹೆಚ್ಚು ಸೊರಗಿದ್ದವು? ಅದು ಗೊತ್ತಾದದ್ದು ಏಪ್ರಿಲ್‌ನ ಒಂದು ಸಂಜೆ, ಮಲಗುವ ಕೋಣೆಯ ಕೂಲರ್ ಸ್ವಚ್ಛ ಮಾಡುವಾಗ. ಕೂಲರಿನ ಹುಲ್ಲಿನ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪದರ ಗಟ್ಟಿಯಾಗಿ ಕೂತಿತ್ತು. ಅಂಥದೇ ಬಿಳಿಯ ಪುಡಿ ಕಿಟಕಿಯ ಕೆಳಗೆ, ಪಾತಿಯ ಪೂರ್ವದ ತುದಿಯ ಮಣ್ಣಿನ ಮೇಲೂ ಇತ್ತು. ನೀರು ಪೋಲಾಗಬಾರದೆಂದು ಕೂಲರಿನ ತಳದ ನೀರನ್ನು ಪೈಪಿನಿಂದ ನೇರವಾಗಿ ಆ ಪಾತಿಗೆ ಬಿಡುತ್ತಿದ್ದವಳು ನಾನೇ. ಕೂಲರಿನಿಂದ ಆವಿಯಾಗಿ ಹೋಗುವುದು ಬರೀ ನೀರು; ಬೋರ್‌ವೆಲ್ಲಿನ ಗಡಸು ನೀರಿನಲ್ಲಿದ್ದ ಉಪ್ಪು, ಸುಣ್ಣವೆಲ್ಲ ತೊಟ್ಟಿಯಲ್ಲಿಯೇ ಉಳಿಯುತ್ತದೆ. ದಿನಕ್ಕೆ ಹತ್ತು ಬಕೆಟ್ ಕುಡಿಯುವ ಕೂಲರಿನ ತಳದಲ್ಲಿ ಕೊನೆಗೆ ಉಳಿದ ಒಂದು ಬಕೆಟ್ಟಿನಲ್ಲಿ ಹೆಚ್ಚುಕಡಿಮೆ ಹತ್ತು ಬಕೆಟ್ಟಿನ ಉಪ್ಪಿರುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೆ ಮೂರು ಬೇಸಿಗೆ ಅದನ್ನು ನನ್ನ ಅತ್ಯಂತ ಮೆತ್ತನೆಯ ಗಿಡಗಳಿಗೆ ಕುಡಿಸಿದ್ದೆ. ಅಡುಗೆಮನೆಯ ಆರ್‌ಓ ಯಂತ್ರ ಹೊರಹಾಕುವ ನೀರೂ ಇದೇ ಜಾತಿಯದು. ಅದನ್ನು ಅಂಗಳ ತೊಳೆಯಲು ಬಳಸಬಹುದು, ಗಿಡಕ್ಕೆ ಹಾಕಬಾರದು. ಎಸಿಯಿಂದ ತೊಟ್ಟಿಕ್ಕುವ ನೀರು ಮಾತ್ರ ಹಾಗಲ್ಲ, ಅದು ಗಾಳಿಯ ತೇವ ತಣಿದು ಆದದ್ದು, ಹೆಚ್ಚುಕಡಿಮೆ ಮಳೆನೀರಿನಷ್ಟೇ ಶುದ್ಧ. ಈಗ ಕೂಲರಿನ ಪೈಪು ಚರಂಡಿಗೆ ಹೋಗುತ್ತದೆ.

ಇನ್ನು ಉಪಚಾರದ ಮಾತು. ಮೊದಲು ಯಾವುದು ಬದುಕಿದೆ, ಯಾವುದು ಸತ್ತಿದೆ ಎಂದು ತಿಳಿಯಬೇಕಿತ್ತು. ಪ್ರತಿ ಕೊಂಬೆಯ ತೊಗಟೆಯನ್ನು ತುದಿಯಿಂದ ಬುಡದ ಕಡೆಗೆ ಅಲ್ಲಲ್ಲಿ ಉಗುರಿನಿಂದ ಕೆರೆದು ನೋಡಿದೆ. ಒಳಗೆ ಹಸಿರು ಕಂಡರೆ ಜೀವವಿದೆ. ಕಂದುಬಣ್ಣವಿದ್ದು ಕೊಂಬೆ ಲಟಕ್ಕನೆ ಮುರಿದರೆ ಅದು ಹೋದಂತೆಯೇ. ಹೀಗೆ ಗುರುತಿಸಿ ಬಣ್ಣದ ದಾರ ಕಟ್ಟಿದೆನೇ ಹೊರತು ಕೂಡಲೇ ಕತ್ತರಿಸಲಿಲ್ಲ, ಏಕೆಂದರೆ ಹಿಂದಿನ ಏಪ್ರಿಲ್‌ನಲ್ಲಿ ಒಂದು ನಂದಿಬಟ್ಟಲನ್ನು ಬೋಳಾಗಿ ಕತ್ತರಿಸಿ, ನೆರಳು ತಪ್ಪಿದ ಅದರ ಕಾಂಡದ ತೊಗಟೆ 43 ಡಿಗ್ರಿ ಬಿಸಿಲಿಗೆ ಸುಟ್ಟು ಸೀಳಿದ್ದನ್ನು ನೋಡಿದ್ದೆ. ನಮ್ಮ ಕಡೆ ದೊಡ್ಡ ಕತ್ತರಿ ಕೆಲಸಕ್ಕೆ ಮಿರಗದ ಮಳೆ ಬೀಳುವವರೆಗೆ ಕಾಯುವುದೇ ಸರಿ. ಅಲ್ಲಿಯವರೆಗೆ ಹಸಿರು ಜಾಲರಿ ಬಟ್ಟೆಯನ್ನು ಕೋಲಿಗೆ ಕಟ್ಟಿ ಮಧ್ಯಾಹ್ನದ ಬಿಸಿಲನ್ನು ತಪ್ಪಿಸಿದೆ. ನೀರನ್ನು ದಿನಕ್ಕೆರಡು ಬಾರಿ ಚಿಮುಕಿಸುವುದನ್ನು ಬಿಟ್ಟು, ಎರಡು ಇಂಚು ಆಳಕ್ಕೆ ಬೆರಳಿಟ್ಟು ಮಣ್ಣು ಒಣಗಿದೆ ಎಂದು ಖಾತ್ರಿಯಾದ ಮೇಲೆ ಮಾತ್ರ ಸಂಜೆ ಹೊತ್ತು ನಿಧಾನವಾಗಿ, ಆಳಕ್ಕಿಳಿಯುವಂತೆ ಕೊಟ್ಟೆ. ಎರೆಮಣ್ಣು ಮೇಲೆ ಬಿರುಕು ಬಿಟ್ಟಿದ್ದರೂ ಒಳಗೆ ಜಿಗುಟಾಗಿ ಒದ್ದೆ ಇರುತ್ತದೆ. ಬಿರುಕು ನೋಡಿ ನೀರು ಹಾಕುವವರು ಬೇರನ್ನು ಕೊಳೆಸುತ್ತಾರೆ. ಬಿರುಕಿಗೆ ಮದ್ದು ನೀರಲ್ಲ. ಹೊಲದಲ್ಲಿ ಜೋಳಕ್ಕೆ ಎಡೆ ಹೊಡೆದಂತೆ ಮೇಲ್ಮಣ್ಣನ್ನು ಸಡಿಲಿಸಿ ಅದನ್ನು ಮುಚ್ಚುವುದು. ಬಿಟ್ಟರೆ ಅದು ಎಳೆಯ ಬೇರುಗಳನ್ನು ಎರಡೂ ಕಡೆಗೆ ಎಳೆದು ಹರಿಯುತ್ತದೆ.

ಜೂನ್ ಎರಡನೆಯ ವಾರ ಎರಡು ಒಳ್ಳೆಯ ಮಳೆಯಾದ ಮೇಲೆ ಮಾಲಿಯನ್ನು ಕರೆಸಿದೆ. ಪಾತಿಯ ಕಲ್ಲುಚೂರುಗಳನ್ನು ಆದಷ್ಟು ಆರಿಸಿ ತೆಗೆದು, ಒಂದು ಅಂಚಿನಲ್ಲಿ ನೀರು ಹೊರಹೋಗುವ ದಾರಿ ಮಾಡಿ, ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣಿನಿಂದ ಪಾತಿಯನ್ನು ಒಂದು ಅಡಿ ಎತ್ತರಿಸಿದೆವು. ಮಳೆಯ ನೀರು ಮೇಲಿನಿಂದ ಇಳಿದು ಉಪ್ಪನ್ನು ತೊಳೆದುಕೊಂಡು ಹೊರಗೆ ಹೋಗಬೇಕು; ಹೋಗಲು ದಾರಿಯಿಲ್ಲದಿದ್ದರೆ ಎಷ್ಟು ಮಳೆ ಬಿದ್ದರೂ ಉಪ್ಪು ಅಲ್ಲಲ್ಲೇ ಮೇಲೆ ಕೆಳಗೆ ಓಡಾಡುತ್ತಿರುತ್ತದೆ. ಗಂಧಕ ಹಾಕಿದರೆ ಮಣ್ಣಿನ ಕ್ಷಾರ ಇಳಿಯುತ್ತದೆಂದು ಅಂಗಡಿಯವರು ಹೇಳಿದ್ದರಿಂದ ಎರಡು ಕಿಲೊ ಹಾಕಿದೆ. ವರ್ಷದ ನಂತರವೂ ವಿನೆಗರ್ ಸುರಿದರೆ ಮಣ್ಣು ಮೊದಲಿನಂತೆಯೇ ಬುಸುಗುಟ್ಟುತ್ತಿತ್ತು. ಗಂಧಕವನ್ನು ಸೂಕ್ಷ್ಮಜೀವಿಗಳು ಆಮ್ಲವನ್ನಾಗಿ ಮಾಡುವುದೇನೋ ನಿಜ. ಆದರೆ ಸುಣ್ಣಕಲ್ಲಿನ ಚೂರುಗಳೇ ತುಂಬಿದ ಮಣ್ಣಿನಲ್ಲಿ ಆ ಆಮ್ಲ ಹುಟ್ಟಿದಲ್ಲೇ ಸುಣ್ಣದ ಪಾಲಾಗುತ್ತದೆ. ಆ ದುಡ್ಡು ದಂಡವೆಂದೇ ನನ್ನ ಅಭಿಪ್ರಾಯ.

ಕಬ್ಬಿಣವನ್ನು ಎಲೆಯ ಮೂಲಕ ಕೊಟ್ಟದ್ದು ಮಾತ್ರ ಕಣ್ಣಿಗೆ ಕಾಣುವಂತೆ ಕೆಲಸ ಮಾಡಿತು. ಒಂದು ಲೀಟರ್ ಮಳೆನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್), 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ, ಬಟ್ಟೆಯಲ್ಲಿ ಸೋಸಿ, ಬಿಸಿಲು ಇಳಿದ ಮೇಲೆ ಎಲೆಯ ಎರಡೂ ಮಗ್ಗುಲಿಗೆ ತಾಗುವಂತೆ ಹತ್ತು ದಿನಕ್ಕೊಮ್ಮೆ ಮೂರು ಸಲ ಸಿಂಪಡಿಸಿದೆ. ಹಳದಿಯಾಗಿದ್ದ ಎಲೆಗಳಲ್ಲಿ ಹನಿ ಬಿದ್ದಲ್ಲೆಲ್ಲ ಹಸಿರು ಚುಕ್ಕೆಗಳು ಮೂಡಿದವು. ಎರಡು ವಾರದ ನಂತರ ಬಂದ ಚಿಗುರು ಹಸಿರಾಗಿಯೇ ಬಂತು. ಒಮ್ಮೆ ಆತುರಪಟ್ಟು ಬೆಳಗಿನ ಹತ್ತು ಗಂಟೆಗೆ ಸಿಂಪಡಿಸಿ ಎಲೆಗಳ ಮೇಲೆ ಕಪ್ಪು ಕಲೆ ಮಾಡಿಕೊಂಡೆ. ಇನ್ನೊಂದು ಎಚ್ಚರಿಕೆ: ಅನ್ನಭೇದಿಯ ನೀರು ಫರಸಿಯ ಮೇಲೆ ಬಿದ್ದರೆ ತುಕ್ಕಿನ ಕಲೆಯಾಗುತ್ತದೆ, ಏನು ಉಜ್ಜಿದರೂ ಹೋಗುವುದಿಲ್ಲ. ನಮ್ಮ ಅಂಗಳದಲ್ಲಿ ಅದರ ಗುರುತು ಇಂದಿಗೂ ಇದೆ. ಮಣ್ಣಿಗೇ ಕೊಡುವುದಾದರೆ ಕೀಲೇಟ್ ರೂಪದ, ಅಂದರೆ ಮಣ್ಣು ಕಟ್ಟಿಹಾಕದಂತೆ ಇನ್ನೊಂದು ವಸ್ತು ಹಿಡಿದುಕೊಂಡಿರುವ ಕಬ್ಬಿಣ ಬೇಕು. ಅದರಲ್ಲೂ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಇಡಿಟಿಎ ಬಗೆ ಸುಣ್ಣದ ಮಣ್ಣಿನಲ್ಲಿ ಕಬ್ಬಿಣವನ್ನು ಹಿಡಿದಿಡಲಾರದೆ ಬೇಗ ಕೈಬಿಡುತ್ತದೆ, ಇಡಿಡಿಎಚ್‌ಎ ಎಂಬ ಕೆಂಪು ಬಗೆಯದು ಮಾತ್ರ ನಿಲ್ಲುತ್ತದೆ. ಬೆಲೆ ಹೆಚ್ಚಾದ್ದರಿಂದ ಅದನ್ನು ಕುಂಡದ ಗಿಡಗಳಿಗಷ್ಟೇ ಬಳಸುತ್ತೇನೆ.

ಕತ್ತರಿಸುವ ವಿಷಯದಲ್ಲಿ ನಾನು ಅನುಸರಿಸಿದ್ದು ಮೂರನೆಯ ಒಂದು ಪಾಲಿನ ಲೆಕ್ಕ. ಒಣಗಿದ ಕೊಂಬೆಗಳನ್ನು ತೆಗೆದ ಮೇಲೆ, ಉಳಿದವುಗಳಲ್ಲಿ ಅತ್ಯಂತ ಹಳೆಯ, ದಪ್ಪ, ತೊಗಟೆ ಒರಟಾದ ಕೊಂಬೆಗಳಲ್ಲಿ ಮೂರಕ್ಕೊಂದನ್ನು ಮಾತ್ರ ಬುಡದಲ್ಲಿಯೇ ಕತ್ತರಿಸಿ, ಉಳಿದವನ್ನು ಮುಂದಿನ ಎರಡು ಮಳೆಗಾಲಕ್ಕೆ ಬಿಟ್ಟೆ. ಬುಡದಿಂದ ಹೊಸ ಕೊಂಬೆಗಳು ಬಂದಂತೆಲ್ಲ ಹಳೆಯವು ಹೋಗುತ್ತವೆ, ಗಿಡ ಒಮ್ಮೆಲೇ ಬೋಳಾಗುವುದಿಲ್ಲ. ಮೇಲ್ತುದಿಯನ್ನಷ್ಟೇ ಸಮನಾಗಿ ಕತ್ತರಿಸುವ ಅಭ್ಯಾಸ ನಮ್ಮ ಕಡೆ ಬಹಳ. ಅದರಿಂದ ಮೇಲೆ ಕೊಡೆ, ಕೆಳಗೆ ಬರೀ ಕಡ್ಡಿ ಆಗುತ್ತದೆ. ದಾಸವಾಳ ಹೊಸ ಚಿಗುರಿನಲ್ಲೇ ಹೂ ಬಿಡುವುದರಿಂದ ಅದಕ್ಕೆ ಮಳೆಗಾಲದ ಕತ್ತರಿ ಒಗ್ಗುತ್ತದೆ. ಅದರ ಬಿಳಿ ಹಿಟ್ಟು ತಿಗಣೆ ಮುತ್ತಿದ ತುದಿಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆದು, ಲೀಟರಿಗೆ 5 ಮಿಲಿ ಬೇವಿನೆಣ್ಣೆಯನ್ನು ಸಾಬೂನು ನೀರಿನಲ್ಲಿ ಕಲಸಿ ಹೊಡೆದದ್ದು ಸಾಕಾಯಿತು. ಕಾಗದದ ಹೂವಿಗೆ ಏನೂ ಮಾಡಲಿಲ್ಲ, ನೀರು ಕಡಿಮೆ ಮಾಡಿದೆ. ತಾನೇ ಹೂ ಬಿಟ್ಟಿತು.

ಬುಡಕ್ಕೆ ಹೊದಿಕೆಯಾಗಿ ತೊಗರಿ ಹೊಟ್ಟನ್ನು ಮೂರು ಇಂಚು ಹರಡಿದೆ. ದನ ತಿನ್ನುವ ಹೊಟ್ಟನ್ನು ಮಣ್ಣಿಗೆ ಹಾಕುತ್ತಾಳೆಂದು ಅಫಜಲಪುರದಿಂದ ಬಂದ ನಮ್ಮ ಭಾವನವರು ನಕ್ಕರು. ಆದರೆ ಹೊದಿಕೆಯ ಕೆಳಗಿನ ಮಣ್ಣು ಮೇ ತಿಂಗಳಿನಲ್ಲಿಯೂ ಬಿರುಕು ಬಿಡಲಿಲ್ಲ, ಉಪ್ಪು ಮೇಲೇರಿ ಬಿಳಿಯಾಗಿ ಕೂರುವುದೂ ಕಡಿಮೆಯಾಯಿತು. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಬೇಕು, ಇಲ್ಲವಾದರೆ ಗೆದ್ದಲು ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಇಕ್ಸೋರಾಗಳು ಸಿಂಪಡಣೆ ನಿಂತ ಎರಡು ತಿಂಗಳಿಗೆ ಮತ್ತೆ ಹಳದಿಯಾದವು. ಬೀದರಿನ ತಂಗಿಯ ಮನೆಯಲ್ಲಿ ಇದೇ ಗಿಡ ಯಾವ ಆರೈಕೆಯೂ ಇಲ್ಲದೆ ಕೆಂಪಗೆ ತುಂಬಿ ನಿಂತಿರುತ್ತದೆ. ಬೀದರ್ ಪಟ್ಟಣವೂ ಅಲ್ಲಿಯ ಕೋಟೆಯೂ ನಿಂತಿರುವುದು ಜಂಬಿಟ್ಟಿಗೆಯ ದಿಬ್ಬದ ಮೇಲೆ; ಲಕ್ಷಾಂತರ ವರ್ಷಗಳ ಮಳೆಗೆ ಸುಣ್ಣ ತೊಳೆದುಹೋಗಿ ಕಬ್ಬಿಣ ಉಳಿದ ಕೆಂಪು ಮಣ್ಣು ಅದು. ಕರಾವಳಿಯವರು ಕೇಪಳವೆನ್ನುವ ಈ ಜಾತಿಯ ಗಿಡಕ್ಕೆ ಬೇಕಾದದ್ದೂ ಅಂಥದೇ ಮಣ್ಣು. ತಂಗಿ ಕಳುಹಿಸಿದ ಎಂಟು ಚೀಲ ಮಣ್ಣಿನಲ್ಲಿ ಇಕ್ಸೋರಾಗಳನ್ನು ದೊಡ್ಡ ಕುಂಡಗಳಿಗೆ ಬದಲಾಯಿಸಿ, ಮಾಳಿಗೆಯ ಮಳೆನೀರನ್ನು ಎರಡು ಡ್ರಮ್ಮುಗಳಲ್ಲಿ ಹಿಡಿದಿಟ್ಟು ಅದನ್ನೇ ಹಾಕುತ್ತಿದ್ದೇನೆ. ನಾಲ್ಕರಲ್ಲಿ ಮೂರು ಚೇತರಿಸಿಕೊಂಡವು. ಪಾತಿಯಲ್ಲಿ ಅವುಗಳ ಜಾಗಕ್ಕೆ ಸುಣ್ಣಕ್ಕೂ ಉಪ್ಪಿಗೂ ಜಗ್ಗದ ಕಣಗಿಲೆ ಬಂದಿದೆ; ಅದರ ಎಲೆ, ಹೂವು, ಕಾಂಡವೆಲ್ಲ ವಿಷವಾದ್ದರಿಂದ ಮೊಮ್ಮಕ್ಕಳ ಕೈಗೆಟುಕದ ಹಿಂಬದಿಯಲ್ಲಿ ನೆಟ್ಟಿದ್ದೇನೆ.

ಉಳಿದಿದ್ದ ಎರಡು ಸ್ಪೈರಿಯಾಗಳನ್ನು ಮಳೆಗಾಲದಲ್ಲಿ ಕಿತ್ತು, ಸುತ್ತಿಕೊಂಡ ಬೇರುಗಳನ್ನು ನಾಲ್ಕು ಕಡೆ ಚಾಕುವಿನಿಂದ ಸೀಳಿ ಬಿಡಿಸಿ, ಬುಡ ಮಣ್ಣಿನ ಮಟ್ಟಕ್ಕೇ ನಿಲ್ಲುವಂತೆ ಅದೇ ಕೆಂಪು ಮಣ್ಣಿನ ಕುಂಡಗಳಲ್ಲಿ ನೆಟ್ಟು, ಬೆಳಗಿನ ಬಿಸಿಲು ಮಾತ್ರ ಬೀಳುವ ಮೂಲೆಯಲ್ಲಿಟ್ಟೆ. ಒಂದು ಸತ್ತಿತು. ಇನ್ನೊಂದು ಬುಡದಿಂದ ಐದು ಹೊಸ ಕೊಂಬೆಗಳನ್ನು ಕಳುಹಿಸಿತು. ಈ ಬಿಳಿಯ ಬಗೆ ಹೋದ ವರ್ಷದ ಕೊಂಬೆಯಲ್ಲಿ ಹೂ ಬಿಡುವಂಥದು. ಮಳೆಗಾಲದ ನಂತರ ಅಥವಾ ಚಳಿಗಾಲದಲ್ಲಿ ಅದನ್ನು ಕತ್ತರಿಸಿದರೆ ಬರಲಿರುವ ಹೂವನ್ನೇ ಕತ್ತರಿಸಿದಂತೆ. ಹಾಗಾಗಿ ಎಳ್ಳಮಾವಾಸ್ಯೆಯ ಹೊತ್ತಿಗೆ ಅದು ಕಡ್ಡಿಯಂತೆ ಕಂಡರೂ ಕತ್ತರಿ ಮುಟ್ಟಿಸಲಿಲ್ಲ. ಈ ಫೆಬ್ರವರಿಯಲ್ಲಿ ಹನ್ನೊಂದು ಗೊಂಚಲು ಬಿಟ್ಟಿತು. ಹೂ ಉದುರಿದ ವಾರದಲ್ಲಿ ಹಳೆಯ ಕೊಂಬೆಗಳೆರಡನ್ನು ಬುಡದಿಂದ ತೆಗೆದಿದ್ದೇನೆ, ಉಳಿದವು ಹಾಗೆಯೇ ಇವೆ. ಕುಂಡ ಈಗ ಜಾಲರಿಯ ಕೆಳಗೆ, ಕೂಲರಿನಿಂದ ದೂರದಲ್ಲಿದೆ.