ಓಡೋಕೆ ಜಿಪಿಎಸ್ ವಾಚ್ ಆರಿಸಿದ್ದು – ನನ್ನ ಅನುಭವ

ಬೆಂಗಳೂರಲ್ಲಿ ನಾನು ಓಡಿದ ಮೊದಲನೇ 10ಕೆ ರೇಸಲ್ಲಿ, ಕೈಲಿದ್ದ ವಾಚು 10 ಕಿಲೋಮೀಟರ್ ಆಯ್ತು ಅಂತ ವೈಬ್ರೇಟ್ ಆದಾಗ ಫಿನಿಶ್ ಲೈನ್ ಇನ್ನೂ ಕಣ್ಣಿಗೇ ಬಿದ್ದಿರ್ಲಿಲ್ಲ. ಅದರ ಲೆಕ್ಕ ನಂಬ್ಕೊಂಡು 9 ದಾಟಿದ ತಕ್ಷಣ ಇದ್ದಬದ್ದ ಶಕ್ತಿ ಎಲ್ಲಾ ಹಾಕಿ ಓಡಿದ್ದೆ. ಕಾಲು ಸೋತುಹೋಗಿತ್ತು, ಏದುಸಿರು ಬರ್ತಿತ್ತು, ಇನ್ನೂ ನಾನೂರು ಮೀಟರ್ ಹತ್ರ ಬಾಕಿ ಇತ್ತು, ಅದರಲ್ಲಿ ಅರ್ಧ ನಡ್ಕೊಂಡೇ ಮುಗಿಸಿದೆ. ಮೂರು ತಿಂಗಳು ದಿನಾ ಬೆಳಗ್ಗೆ ಐದಕ್ಕೆ ಎದ್ದು ಮಾಡಿದ ತಯಾರಿ ಅದು. ವಾಪಸ್ ಮೈಸೂರಿಗೆ ಬರೋ ಟ್ರೈನಲ್ಲಿ ತುಂಬಾ ಅಳು ಬಂತು ನಂಗೆ.

ನನಗೀಗ 43 ವರ್ಷ, ಬ್ಯಾಂಕಲ್ಲಿ ಕೆಲಸ, ಓಡೋಕೆ ಶುರು ಮಾಡಿ ನಾಲ್ಕು ವರ್ಷ ಆಯ್ತು. ಆ ವಾಚ್ ತಗೊಂಡಾಗ ಬಾಕ್ಸ್ ಮೇಲೆ ಜಿಪಿಎಸ್ ಅಂತ ಬರೆದಿತ್ತು, ಅಷ್ಟು ಸಾಕು ಅನ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಅದು 'ಕನೆಕ್ಟೆಡ್ ಜಿಪಿಎಸ್' ಅಂತೆ, ಅಂದ್ರೆ ವಾಚಲ್ಲಿ ಜಿಪಿಎಸ್ ಚಿಪ್ಪೇ ಇಲ್ಲ, ಸೊಂಟದ ಬೆಲ್ಟಲ್ಲಿ ಇಟ್ಕೊಂಡಿರೋ ಫೋನು ಎಲ್ಲಿದೀವಿ ಅಂತ ಹೇಳುತ್ತೆ, ವಾಚು ಅದನ್ನ ತೋರಿಸುತ್ತೆ ಅಷ್ಟೇ. ಫೋನ್ ಮನೇಲಿ ಬಿಟ್ಟು ಹೋದ್ರೆ ಕೈ ಬೀಸೋದನ್ನ ನೋಡಿ ಹೆಜ್ಜೆ ಎಣಿಸಿ ದೂರನ ಅಂದಾಜು ಮಾಡುತ್ತೆ. ವಾಚ್ ತಗೋಳೋರು ಮೊಟ್ಟ ಮೊದಲು ಕೇಳ್ಬೇಕಾದ ಪ್ರಶ್ನೆ ಇದೇ, ಜಿಪಿಎಸ್ ವಾಚ್ ಒಳಗೇ ಇದ್ಯಾ, ಫೋನಿಂದ ಬರುತ್ತಾ?

ನಮ್ಮ ರನ್ನಿಂಗ್ ಗ್ರೂಪಲ್ಲಿ ಒಬ್ಬರು ಹಿರಿಯರಿದ್ದಾರೆ, ಕೋಚ್ ಅಲ್ಲ, ಆದ್ರೆ ಎಲ್ಲರೂ ಸರ್ ಅಂತಾನೇ ಕರಿಯೋದು. ಹೊಸದು ತಗೋತೀನಿ ಅಂದಾಗ ಅವರು ಹೇಳಿದ್ದು, "ರಿವ್ಯೂ ಓದಿ ದುಡ್ಡು ಕೊಡ್ಬೇಡಮ್ಮ, ನಮ್ಮೋರ ಹತ್ರ ಇರೋದನ್ನೆಲ್ಲ ಇಸ್ಕೊಂಡು ಒಂದ್ಸಲ ಟ್ರ್ಯಾಕಲ್ಲಿ ಅಳೆದು ನೋಡು." ಹಾಗೇ ಮಾಡಿದೆ. ಟ್ರ್ಯಾಕಲ್ಲಿ ಒಳಗಿನ ಮೊದಲನೇ ಲೇನ್ ಒಂದು ಸುತ್ತಿಗೆ 400 ಮೀಟರ್, ಹನ್ನೆರಡೂವರೆ ಸುತ್ತು ಹಾಕಿದ್ರೆ ಸರಿಯಾಗಿ 5 ಕಿಲೋಮೀಟರ್. ಲೇನ್ ಬದಲಾಯಿಸಬಾರದು, ಎಂಟನೇ ಲೇನಲ್ಲಿ ಓಡಿದ್ರೆ ಅದೇ ಸುತ್ತು ಸುಮಾರು 453 ಮೀಟರ್ ಆಗುತ್ತೆ. ಎಡಗೈಗೆ ಒಂದು ಬಲಗೈಗೆ ಒಂದು ಕಟ್ಕೊಂಡು ಎರಡು ಭಾನುವಾರ ಓಡಿದೆ. ನನ್ನ ಹಳೇ ವಾಚು 5.21 ತೋರಿಸ್ತು. ಗಾರ್ಮಿನ್ ಫೋರ್‌ರನ್ನರ್ 55 ಅಲ್ಲಿ 5.06, ಅದೇ ಕಂಪನಿಯ 165 ಅಲ್ಲಿ 5.05, ಕೋರೋಸ್ ಪೇಸ್ 3 ಅಲ್ಲಿ 5.04. ಅಂದ್ರೆ ನಂದು 5 ಕಿಲೋಮೀಟರಿಗೆ ಇನ್ನೂರು ಮೀಟರ್ ಜಾಸ್ತಿ ತಿಂದಿತ್ತು, ಹತ್ತಕ್ಕೆ ನಾನೂರು. ರೇಸಲ್ಲಿ ಆಗಿದ್ದೂ ಅದೇ ಅಲ್ವಾ. ಒಳ್ಳೇ ವಾಚ್‌ಗಳ ನಡುವೆ ಇದ್ದ ವ್ಯತ್ಯಾಸ ಹತ್ತಿಪ್ಪತ್ತು ಮೀಟರ್ ಮಾತ್ರ, ಅದು ನೋಡಿದ ಮೇಲೆ ನನ್ನ ಯೋಚನೆಯ ದಿಕ್ಕೇ ಬದಲಾಯ್ತು.

ಯಾಕಂದ್ರೆ ಅಲ್ಲಿವರೆಗೂ ನಾನು ಹಟ ಹಿಡಿದಿದ್ದು ಡ್ಯುಯಲ್ ಬ್ಯಾಂಡ್ ಇರೋದೇ (ಆ ಮೂರರಲ್ಲಿ ಪೇಸ್ 3 ಮಾತ್ರ) ಬೇಕು ಅಂತ. ಅದೇನು ಅಂದ್ರೆ, ಜಿಪಿಎಸ್ ಉಪಗ್ರಹಗಳು 20,000 ಕಿಲೋಮೀಟರಿಗಿಂತ ಮೇಲಿಂದ ಸಿಗ್ನಲ್ ಕಳಿಸ್ತವೆ, ಅದು ನಮ್ಮ ಕೈಗೆ ಬರೋ ಹೊತ್ತಿಗೆ ತುಂಬಾ ಕ್ಷೀಣವಾಗಿರುತ್ತೆ. ಅಕ್ಕಪಕ್ಕ ಎತ್ತರದ ಬಿಲ್ಡಿಂಗ್, ಫ್ಲೈಓವರ್ ಇದ್ರೆ ಗೋಡೆಗೆ ಬಡಿದು ಸುತ್ತಿ ಬರುತ್ತೆ, ತಡವಾಗಿ ಬಂದಿದ್ದಕ್ಕೆ ವಾಚು ನಾವು ಬೇರೆ ಕಡೆ ಇದೀವಿ ಅನ್ಕೊಳ್ಳುತ್ತೆ. ಡ್ಯುಯಲ್ ಬ್ಯಾಂಡ್ ವಾಚು ಎಲ್1 ಜೊತೆ ಎಲ್5 ಅನ್ನೋ ಇನ್ನೊಂದು ಫ್ರೀಕ್ವೆನ್ಸಿನೂ ಕೇಳಿಸ್ಕೊಳ್ಳುತ್ತೆ, ಅದರಲ್ಲಿ ನೇರ ಬಂದಿದ್ದು ಯಾವುದು ಬಡಿದು ಬಂದಿದ್ದು ಯಾವುದು ಅಂತ ಬೇರೆ ಮಾಡೋದು ಸುಲಭ. (ಜಿಪಿಎಸ್ ಥರದ್ದೇ ಆದ ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳೂ ಎಲ್5 ಅಲ್ಲಿ ಸಿಗ್ನಲ್ ಕಳಿಸ್ತವೆ, 2023ರ ಮೇನಲ್ಲಿ ಹಾರಿಸಿದ ಎನ್‌ವಿಎಸ್-01ಕ್ಕೆ ಎಲ್1 ಕೂಡ ಸೇರಿಸಿದ್ರು, ಇದರ ನ್ಯಾವಿಗೇಶನ್ ಸೆಂಟರ್ ಇರೋದು ಬೆಂಗಳೂರಿನ ಹತ್ರ ಬ್ಯಾಲಾಳಲ್ಲಿ. ಆ ವಿಷಯ ಓದಿದಾಗ ನಂಗೆ ತುಂಬಾ ಖುಷಿ ಆಗಿತ್ತು.)

ಆದ್ರೆ ನಾನು ಓಡೋದು ಎಲ್ಲಿ? ವಾರದಲ್ಲಿ ಮೂರು ದಿನ ಕುಕ್ಕರಹಳ್ಳಿ ಕೆರೆ ಏರಿ, ಒಂದು ದಿನ ಟ್ರ್ಯಾಕ್, ಭಾನುವಾರ ಚಾಮುಂಡಿ ಬೆಟ್ಟ ಇಲ್ಲ ಊರ ಹೊರಗಿನ ರೋಡು. ಮರ ಇದಾವೆ, ನಿಜ, ಆದ್ರೆ ಗಾಜಿನ ಗೋಡೆಗಳಿಲ್ಲ, ತಲೆ ಮೇಲೆ ಮೆಟ್ರೋ ಇಲ್ಲ. ವರ್ಷಕ್ಕೆ ಎರಡು ಸಲ ಬೆಂಗಳೂರಲ್ಲಿ ಓಡೋದಕ್ಕೋಸ್ಕರ ಡ್ಯುಯಲ್ ಬ್ಯಾಂಡೇ ಬೇಕು ಅಂತ ಹಟ ಬೇಡ ಅನ್ನಿಸ್ತು. ನೀವು ದಿನಾ ಎಂ.ಜಿ. ರೋಡ್ ಕಡೆ, ಔಟರ್ ರಿಂಗ್ ರೋಡ್ ಕಡೆ ಓಡೋರಾಗಿದ್ರೆ ನನ್ನ ಮಾತು ಕೇಳ್ಬೇಡಿ, ಡ್ಯುಯಲ್ ಬ್ಯಾಂಡೇ ತಗೊಳ್ಳಿ.

ಇನ್ನು ಹಾರ್ಟ್ ರೇಟ್. ಹೇಳ್ಬೇಕಾಗಿರೋದು ಜಾಸ್ತಿ ಇರೋದು ಇಲ್ಲೇ, ಯಾಕಂದ್ರೆ ದೂರದ ತಪ್ಪು ಒಂದು ರೇಸ್ ಹಾಳು ಮಾಡ್ತು, ಇದರ ತಪ್ಪು ಒಂದು ವರ್ಷದ ಟ್ರೈನಿಂಗೇ ಹಾಳು ಮಾಡ್ತಿತ್ತು. ಡಿಸೆಂಬರ್‌ನ ಒಂದು ಬೆಳಗ್ಗೆ, ಮಂಜು ಮುಸುಕಿತ್ತು, ಕೆರೆ ಏರಿ ಮೇಲೆ ನಿಧಾನ ಓಡ್ತಿದ್ದೆ, ಪಕ್ಕದಲ್ಲಿದ್ದ ಗೆಳತಿ ಜೊತೆ ಮಗನ ಪರೀಕ್ಷೆ ವಿಷಯ ಮಾತಾಡ್ತಾ ಇದ್ದೆ. ಕೈ ನೋಡಿದ್ರೆ ವಾಚು 168 ತೋರಿಸ್ತಿದೆ. 168 ಅಂದ್ರೆ ಮಾತೇ ಹೊರಡಬಾರದು ನಂಗೆ. ಭಯ ಆಗಿ ನಿಂತ್ಕೊಂಡು, ಕತ್ತಿನ ಪಕ್ಕ ಎರಡು ಬೆರಳಿಟ್ಟು 15 ಸೆಕೆಂಡ್ ಎಣಿಸಿದೆ, 34 ಬಂತು, ನಾಲ್ಕರಿಂದ ಗುಣಿಸಿದ್ರೆ 136. ಆಮೇಲೆ ಮನೇಲಿ ಆ್ಯಪ್ ತೆಗೆದು ನೋಡ್ತೀನಿ, ಆ ಹೊತ್ತಿಗೆ ನನ್ನ ಕೇಡೆನ್ಸ್, ಅಂದ್ರೆ ನಿಮಿಷಕ್ಕೆ ಇಡೋ ಹೆಜ್ಜೆ, ಅದೂ 168! ವಾಚ್ ಹಿಂದೆ ಇರೋ ಹಸಿರು ಲೈಟು ಚರ್ಮದ ಕೆಳಗೆ ರಕ್ತ ಏರಿಳಿಯೋದನ್ನ ನೋಡಿ ಬಡಿತ ಎಣಿಸುತ್ತೆ, ವಾಚು ಸಡಿಲ ಇದ್ರೆ, ಚಳಿಗೆ ಕೈ ತಣ್ಣಗಾಗಿ ರಕ್ತ ಕಮ್ಮಿ ಓಡ್ತಿದ್ರೆ, ಅದು ಹೃದಯ ಬಿಟ್ಟು ಹೆಜ್ಜೆಯ ಅಲುಗಾಟನೇ ಎಣಿಸೋಕೆ ಶುರು ಮಾಡುತ್ತೆ. ಕೇಡೆನ್ಸ್ ಲಾಕ್ ಅಂತಾರೆ ಇದಕ್ಕೆ.

ನನ್ನ ಮಣಿಕಟ್ಟು ಸಣ್ಣ, ಬಳೆ ಅಳತೆಯೂ ಚಿಕ್ಕದೇ. 46-47 ಎಂಎಂ ವಾಚ್ ಕಟ್ಟಿದ್ರೆ ಎರಡೂ ಕಡೆ ಮೂಳೆ ಮೇಲೆ ಕೂತು ಮಧ್ಯ ಗ್ಯಾಪ್ ಬರುತ್ತೆ, ಆ ಗ್ಯಾಪಲ್ಲಿ ಹೊರಗಿನ ಬೆಳಕು ನುಗ್ಗುತ್ತೆ. ಅಂಗಡೀಲಿ ಗಂಡಸರ ಕೈಗೆ ಚೆನ್ನಾಗಿ ಕಾಣೋದು ನಮಗೆ ಕೆಲಸಕ್ಕೆ ಬರಲ್ಲ, ಹೆಂಗಸರು ಇದನ್ನ ದಯವಿಟ್ಟು ಕಟ್ಟಿ ನೋಡಿನೇ ತಗೋಬೇಕು. ಗಾರ್ಮಿನ್ 55 ಅಂದ್ರೆ 42 ಎಂಎಂ, 165 ಅಂದ್ರೆ 43, ಎರಡೂ ಕೂತ್ಕೊಳ್ತು. ಕಟ್ಟೋದು ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ, ಓಡುವಾಗ ಒಂದು ತೂತು ಬಿಗಿ, ಮುಗಿದ ಮೇಲೆ ಸಡಿಲ.

ಹೀಗಿದ್ರೂ ಕೈಯಿಂದ ಬರೋ ನಂಬರ್ ಇಂಟರ್ವಲ್ ಓಟಕ್ಕೆ (ಸ್ವಲ್ಪ ದೂರ ಜೋರಾಗಿ ಓಡಿ, ಸುಧಾರಿಸ್ಕೊಂಡು, ಮತ್ತೆ ಓಡೋದು) ಸಾಲದು, 400 ಮೀಟರ್ ಜೋರಾಗಿ ಓಡಿ ನಿಂತ ಮೇಲೆ ಅದು ಏರ್ತಾ ಇರುತ್ತೆ. ಅದಕ್ಕೇ ಎದೆಗೆ ಕಟ್ಟೋ ಚೆಸ್ಟ್ ಸ್ಟ್ರ್ಯಾಪ್ ತಗೊಂಡೆ. ಅದು ಬೆಳಕಿಂದ ಅಲ್ಲ, ಇಸಿಜಿ ಥರ ಹೃದಯದ ವಿದ್ಯುತ್ತನ್ನೇ ಓದುತ್ತೆ. ಕಟ್ಟೋ ಮುಂಚೆ ಒಳಗಿನ ಪಟ್ಟಿ ನೀರಲ್ಲಿ ಒದ್ದೆ ಮಾಡ್ಬೇಕು, ಸ್ಪೋರ್ಟ್ಸ್ ಬ್ರಾ ಅಂಚಿನ ಕೆಳಗೆ ಬರೋ ಹಾಗೆ ಇಟ್ಕೊಂಡು ಅಂಚು ಉಜ್ಜೋ ಕಡೆ ಮಾತ್ರ ಸ್ವಲ್ಪ ವ್ಯಾಸಲೀನ್ ಹಚ್ಚಬೇಕು, ಇಲ್ಲಾಂದ್ರೆ ಉದ್ದ ಓಟದ ದಿನ ಚರ್ಮ ಉಜ್ಜಿ ಸ್ನಾನಕ್ಕೆ ನೀರು ಹಾಕ್ಕೊಂಡಾಗ ಉರಿ ತಡೆಯಕ್ಕಾಗಲ್ಲ.

ಝೋನ್‌ಗಳ ವಿಷಯ, ಅಂದ್ರೆ ಬಡಿತ ನೋಡಿ ಓಟನ ಸುಲಭ, ಕಷ್ಟ ಅಂತ ವಾಚು ಭಾಗ ಮಾಡೋದು. ವಾಚು 220ರಿಂದ ವಯಸ್ಸು ಕಳೆದು ನನ್ನ ಗರಿಷ್ಠ ಬಡಿತ 177 ಅಂತ ಇಟ್ಟಿತ್ತು. ಸ್ಟ್ರ್ಯಾಪ್ ಕಟ್ಕೊಂಡು ಬೆಟ್ಟದ ರೋಡಲ್ಲಿ ಏರು ಓಟ ಮಾಡಿದ ದಿನ 188 ಬಂತು. ಆ ಸೂತ್ರ ಎಲ್ಲರ ಸರಾಸರಿ, ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಆಚೀಚೆ ಆಗೋದು ಸಾಮಾನ್ಯ. ಕೈಯಾರೆ 188 ಹಾಕಿದ ಮೇಲೆ ಎಲ್ಲಾ ಝೋನೂ ಮೇಲಕ್ಕೆ ಸರೀತು, ಅಲ್ಲಿವರೆಗೂ ಸುಲಭದ ಓಟನ ಕಷ್ಟದ್ದು ಅಂತ ವಾಚು ಹೇಳ್ತಿತ್ತು, ನಾನು ಅದನ್ನ ನಂಬಿ ನಡೀತಿದ್ದೆ.

ಕೊನೆಗೆ 165 ಮತ್ತು ಪೇಸ್ 3 ನಡುವೆ ಉಳೀತು. ಪೇಸ್ 3 ನೈಲಾನ್ ಪಟ್ಟಿ ಸೇರಿ 30 ಗ್ರಾಂ, ಕೈಲಿ ಇರೋದೇ ಗೊತ್ತಾಗಲ್ಲ, ಡ್ಯುಯಲ್ ಬ್ಯಾಂಡೂ ಇದೆ, ಬ್ಯಾಟರಿ ಗಟ್ಟಿ, ನಿಜವಾಗ್ಲೂ ಒಳ್ಳೇ ವಾಚು. ನಾನು 165 ತಗೊಂಡಿದ್ದು ಬಟನ್‌ಗೋಸ್ಕರ. ಐದು ಬಟನ್ ಇದೆ, ಬೆವರಿದ ಕೈಲಿ, ಜೂನ್ ಮಳೇಲಿ, ನೋಡ್ದೇನೇ ಲ್ಯಾಪ್ ಬಟನ್ (ಓಟದ ಒಂದೊಂದು ತುಂಡಿನ ಲೆಕ್ಕ ಬೇರೆ ಮಾಡೋದು) ಒತ್ತಬಹುದು. ಟಚ್ ಸ್ಕ್ರೀನ್ ಮೇಲೆ ಮಳೆ ಹನಿ ಬಿದ್ರೆ ಅದೇ ಬೆರಳು ಅನ್ಕೊಂಡು ಪೇಜ್ ತಿರುಗುತ್ತೆ, ಅದಕ್ಕೆ ಓಡುವಾಗ ಟಚ್ ಆಫ್ ಮಾಡಿಟ್ಟಿದೀನಿ. 165ರ ಅಮೋಲೆಡ್ ಸ್ಕ್ರೀನು ಬೆಳಗಿನ ಕತ್ತಲಲ್ಲಿ ಕನ್ನಡಕ ಇಲ್ಲದ ನನ್ನ ಕಣ್ಣಿಗೂ ಚೆನ್ನಾಗಿ ಕಾಣುತ್ತೆ. ವಾರಕ್ಕೆ ಐದು ಓಟ ಮಾಡಿ ಆರು ದಿನಕ್ಕೊಂದ್ಸಲ ಚಾರ್ಜ್ ಹಾಕ್ತೀನಿ, ಸಾಕು ನಂಗೆ.

ಬೆಟ್ಟಕ್ಕೆ ಹೋಗೋರು ಬ್ಯಾರೋಮೀಟರ್ ಇದ್ಯಾ ಅಂತ ನೋಡಿ, 55ರಲ್ಲಿ ಇಲ್ಲ, 165ರಲ್ಲಿ ಇದೆ. ಉಪಗ್ರಹ ಎತ್ತರ ಹೇಳೋದ್ರಲ್ಲಿ ಯಾವಾಗ್ಲೂ ಸ್ವಲ್ಪ ಹಿಂದೆ, ಬ್ಯಾರೋಮೀಟರ್ ಗಾಳಿಯ ಒತ್ತಡ ನೋಡಿ ಹೇಳುತ್ತೆ. ಚಾಮುಂಡಿ ಬೆಟ್ಟದ ಪಾದದಿಂದ ನಂದಿ ವಿಗ್ರಹದವರೆಗೆ ಮೆಟ್ಟಿಲು ಹತ್ತಿ ಇಳಿದ್ರೆ ಪ್ರತಿ ಸಲ ಹೆಚ್ಚು ಕಮ್ಮಿ ಒಂದೇ ಲೆಕ್ಕ ಬರುತ್ತೆ. ಸೆನ್ಸರಿನ ಸಣ್ಣ ತೂತಿಗೆ ಬೆವರು, ಸೋಪು ಕಟ್ಕೊಂಡ್ರೆ ಸಮತಟ್ಟಿನಲ್ಲೂ ಏರು ತೋರಿಸುತ್ತೆ, ಆಗ ಬೆಚ್ಚಗಿನ ನೀರಲ್ಲಿ ತೊಳೀಬೇಕು.

ಖರೀದಿ ಬಗ್ಗೆ ಒಂದೇ ಮಾತು. ನಾದಿನಿ ಅಮೆರಿಕದಿಂದ ತರ್ತೀನಿ, ಅಲ್ಲಿ ಕಮ್ಮಿ ಅಂದಿದ್ಲು. ಗ್ರೂಪಲ್ಲಿ ಒಬ್ಬರು ಹಾಗೆ ತರಿಸ್ಕೊಂಡಿದ್ದ ವಾಚು (ಯಾವ ಕಂಪನಿ ಅಂತ ಬೇಡ) ಎಂಟು ತಿಂಗಳಿಗೆ ಚಾರ್ಜ್ ಆಗೋದು ನಿಲ್ಲಿಸ್ತು, ಹೊರದೇಶದ ಬಿಲ್ಲಿಗೆ ಇಲ್ಲಿ ವಾರಂಟಿ ಕೊಡಲ್ಲ ಅಂದ್ರು. ಪಾಪ, ಅಷ್ಟು ದುಡ್ಡೂ ಹೋಯ್ತು. ನಾನು ಇಲ್ಲೇ ತಗೊಂಡೆ, ಬಿಲ್ಲಿನ ಫೋಟೋ ಮೂರು ಕಡೆ ಇಟ್ಕೊಂಡಿದೀನಿ.

ವಾಚು ಬಂದ ಮೇಲೆ ಮಾಡಿದ ಸೆಟ್ಟಿಂಗುಗಳಲ್ಲಿ ಮುಖ್ಯವಾದ್ದು ಎರಡು. ಹೊರಡೋ ಮುಂಚೆ ಫೋನ್ ಜೊತೆ ಸಿಂಕ್ ಮಾಡೋದು, ಹಾಗೆ ಮಾಡಿದ್ರೆ ಉಪಗ್ರಹಗಳು ಎಲ್ಲಿರ್ತವೆ ಅನ್ನೋ ಮಾಹಿತಿ ವಾಚಲ್ಲಿ ಮೊದಲೇ ಇರುತ್ತೆ, ಸಿಗ್ನಲ್ ಬೇಗ ಸಿಗುತ್ತೆ. ಸಿಕ್ಕ ಮೇಲೂ ಒಂದು ನಿಮಿಷ ತಡೆದು ಸ್ಟಾರ್ಟ್ ಒತ್ತಿ. ಎರಡನೇದು, ಆ ಕ್ಷಣದ ಪೇಸ್ (ಕಿಲೋಮೀಟರಿಗೆ ಎಷ್ಟು ನಿಮಿಷ ಅನ್ನೋದು) ತೋರಿಸೋ ಜಾಗದಲ್ಲಿ ಲ್ಯಾಪ್ ಪೇಸ್, ಅಂದ್ರೆ ಆ ಲ್ಯಾಪಿನ ಸರಾಸರಿ, ಹಾಕೋದು. ಆ ಕ್ಷಣದ್ದು ಮರದ ಕೆಳಗೆ ಹೋದ್ರೆ 7:10, ಬಿಸಿಲಿಗೆ ಬಂದ್ರೆ 5:40 ಅಂತ ಕುಣೀತಾ ಇರುತ್ತೆ, ಅದರ ಹಿಂದೆ ಹೋದ್ರೆ ಓಟ ಕೆಡುತ್ತೆ. ವಿಓ2 ಮ್ಯಾಕ್ಸ್ (ದೇಹ ಎಷ್ಟು ಆಮ್ಲಜನಕ ಬಳಸ್ಕೊಳ್ಳಬಲ್ಲದು ಅನ್ನೋ ವಾಚಿನ ಅಂದಾಜು) ನಂಬರನ್ನ ಏಪ್ರಿಲ್ ಮೇನಲ್ಲಿ ನೋಡೋದೇ ಬಿಟ್ಟಿದೀನಿ. ಸೆಖೆಗೆ ಬಡಿತ ಏರುತ್ತೆ, ಆ ನಂಬರ್ ಇಳಿಯುತ್ತೆ, ಮಳೆ ಬಂದ ಮೇಲೆ ತಾನಾಗೇ ಸರಿಹೋಗುತ್ತೆ.

ಇನ್ನೊಂದು ನಂಗೆ ತಡವಾಗಿ ಗೊತ್ತಾಗಿದ್ದು. ಸರ್ಟಿಫೈಡ್ ರೇಸಿನ ದಾರಿನ ಸೈಕಲ್ ಚಕ್ರಕ್ಕೆ ಜೋನ್ಸ್ ಕೌಂಟರ್ ಅನ್ನೋ ಮೀಟರ್ ಹಾಕಿ, ಪ್ರತಿ ತಿರುವಲ್ಲೂ ಅತಿ ಹತ್ತಿರದ ದಾರಿ ಹಿಡಿದು ಅಳೀತಾರೆ, ಕಮ್ಮಿ ಬೀಳಬಾರದು ಅಂತ ಕಿಲೋಮೀಟರಿಗೆ ಒಂದು ಮೀಟರ್ ಜಾಸ್ತಿನೂ ಸೇರಿಸ್ತಾರೆ. ನಾವು ಜನಜಂಗುಳಿಲಿ ಆಚೆ ಈಚೆ ದಾಟಿ, ತಿರುವಲ್ಲಿ ಹೊರಗಿಂದ ಸುತ್ತಿ ಓಡ್ತೀವಿ. ಅದಕ್ಕೇ ಎಷ್ಟು ಒಳ್ಳೇ ವಾಚಾದ್ರೂ ಫಿನಿಶ್ ಲೈನಲ್ಲಿ 10.1, 10.2 ಅಂತಾನೇ ಬರೋದು. ವಾಚ್ ತಪ್ಪೂ ಅಲ್ಲ, ದಾರಿ ತಪ್ಪೂ ಅಲ್ಲ.

ಹಾಗಾಗಿ ಆ ಮೊದಲ ರೇಸಿನ ಮುಂದಿನ ವರ್ಷದ 10ಕೆನಲ್ಲಿ ಆಟೋ ಲ್ಯಾಪ್ (ವಾಚು ತಾನೇ ಕಿಲೋಮೀಟರಿಗೊಂದು ಲ್ಯಾಪ್ ಹಾಕೋದು) ಆಫ್ ಮಾಡಿ, ರಸ್ತೆ ಬದಿ ಪ್ರತಿ ಕಿಲೋಮೀಟರ್ ಬೋರ್ಡ್ ಬಂದಾಗ ನಾನೇ ಲ್ಯಾಪ್ ಒತ್ತಿದೆ. 9ರ ಬೋರ್ಡ್ ಹತ್ರ ವಾಚಲ್ಲಿ 9.13 ಇತ್ತು, ಅದನ್ನ ನೋಡಿ ಹಾಗೇ ಬಿಟ್ಟೆ, ಬೋರ್ಡನ್ನ ನಂಬಿದೆ, ಇನ್ನೂ ಒಂದು ಪೂರ್ತಿ ಕಿಲೋಮೀಟರ್ ಇದೆ ಅಂತ ಮನಸ್ಸಿಗೆ ಹೇಳ್ಕೊಂಡು ಉಸಿರು ಕಾಯ್ದಿಟ್ಕೊಂಡೆ, ಫಿನಿಶ್ ಕಮಾನು ಕಂಡ ಮೇಲೆ ಬಿಟ್ಟೆ. 1 ಗಂಟೆ 1 ನಿಮಿಷ 40 ಸೆಕೆಂಡ್. ಎಲ್ಲೂ ನಡೀಲಿಲ್ಲ.

ಅಕ್ಕನ ಮಗಳು ಈಗ ಓಡೋಕೆ ಶುರು ಮಾಡಿದಾಳೆ, ಚಿಕ್ಕಮ್ಮ ಯಾವ ವಾಚ್ ತಗೋಳ್ಲಿ ಅಂತ ಕೇಳಿದ್ಲು. ಈ ಭಾನುವಾರ ಆರಕ್ಕೆ ಟ್ರ್ಯಾಕಿಗೆ ಬಾ ಅಂದಿದೀನಿ, ಗ್ರೂಪಿನೋರ ಹತ್ರ ಎರಡು ವಾಚ್ ಇಸ್ಕೊಂಡಿಟ್ಟಿದೀನಿ.