ಕೆರೆ ದಂಡೆಯ ಮನೆಯನ್ನು ಬೇಸಿಗೆಗೆ ತೆರೆಯುವ ಮುನ್ನ

ಅದು ನಮ್ಮ ಅಜ್ಜ ಕಟ್ಟಿಸಿದ ಮರದ ಮನೆ. 6 ಕೋಣೆ, ಮುಂದೆ ಒಂದು ಜಗಲಿ, ಅಲ್ಲಿಂದ 70 ಹೆಜ್ಜೆ ಇಳಿದರೆ ಕೆರೆ. ಬೇಸಿಗೆಯ ಮೂರು ತಿಂಗಳು ರಜೆಗೆ ಬರುವವರಿಗೆ ಕೊಡುತ್ತೇವೆ, ಉಳಿದ ಒಂಬತ್ತು ತಿಂಗಳು ಬೀಗ. ಮೊದಲ ಅತಿಥಿ ಬರುವುದಕ್ಕೆ ಎರಡು ವಾರ ಮುಂಚೆ ನಾನು, ತಮ್ಮ ಹೋಗಿ ಬಾಗಿಲು ತೆಗೆಯುತ್ತೇವೆ. 18 ವರ್ಷದಿಂದ ಇದೇ ಕೆಲಸ. ನಿಮ್ಮದೂ ಇಂಥದ್ದೇ ಮನೆಯಾಗಿದ್ದರೆ ನನ್ನ ಎಡವಟ್ಟುಗಳು ನಿಮಗೆ ಉಪಯೋಗಕ್ಕೆ ಬರಬಹುದು.

ಬಾಗಿಲು ತೆಗೆದ ಕೂಡಲೇ ಪೊರಕೆ ಹಿಡಿಯಬೇಡಿ. ಮುಚ್ಚಿದ ಮನೆಯಲ್ಲಿ ಇಲಿಗಳು ಸಂಸಾರ ಹೂಡಿರುತ್ತವೆ. ಒಣಗಿದ ಹಿಕ್ಕೆಯನ್ನು ಗುಡಿಸಿದರೆ ಧೂಳೆದ್ದು ಮೂಗಿಗೆ ಹೋಗುತ್ತದೆ. ಹ್ಯಾಂಟಾ ವೈರಸ್‌ನಂಥ ಕಾಯಿಲೆ ಬರುವುದು ಹೀಗೇ. ಎಲ್ಲ ಕಿಟಕಿ ತೆಗೆದು ಅರ್ಧ ಗಂಟೆ ಹೊರಗೆ ಕೂತಿರಿ. ಆಮೇಲೆ ಕೈಗವಸು ಹಾಕಿಕೊಂಡು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಹಿಕ್ಕೆಯ ಮೇಲೆ ಚಿಮುಕಿಸಿ. ಐದು ನಿಮಿಷ ನೆನೆಯಲಿ. ನಂತರ ಕಾಗದದಲ್ಲಿ ಒರೆಸಿ ತೆಗೆದು, ಚೀಲಕ್ಕೆ ಹಾಕಿ ಕಟ್ಟಿಬಿಡಿ. ಹಾಸಿಗೆ, ದಿಂಬು ಎರಡು ದಿನ ಬಿಸಿಲಿಗೆ. ಅದಕ್ಕೆ ಜಾಸ್ತಿ ಹೇಳುವುದೇನಿಲ್ಲ.

ನೀರಿನ ವಿಷಯಕ್ಕೆ ಬರೋಣ. ಒಂದು ವರ್ಷ ನಾನು ಬಂದವನೇ ಪಂಪಿನ ಸ್ವಿಚ್ ಒತ್ತಿ, ಟ್ಯಾಂಕ್ ತುಂಬಲಿ ಅಂತ ಕಟ್ಟಿಗೆ ಒಡೆಯಲು ಹೋದೆ. ಒಂದು ಗಂಟೆ ಬಿಟ್ಟು ಬಂದರೆ ಸುಟ್ಟ ವಾಸನೆ. ಪೈಪಿನ ಕೆಳತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ಫುಟ್‌ವಾಲ್ವಿಗೆ ಪಾಚಿ ಕಟ್ಟಿತ್ತು, ಪೈಪಿನಲ್ಲಿ ಬರೀ ಗಾಳಿ. ಒಣಗಿಯೇ ಓಡಿದ ಪಂಪಿನ ಸೀಲ್ ಸುಟ್ಟುಹೋಗಿತ್ತು. ಆ ವಾರ ಪೂರ್ತಿ ಬಕೆಟ್ಟಿನಲ್ಲಿ ನೀರು ಹೊತ್ತೆವು. ಈಗ ಮೊದಲು ಫುಟ್‌ವಾಲ್ವ್ ಎತ್ತಿ ಬ್ರಷ್‌ನಿಂದ ಉಜ್ಜುತ್ತೇನೆ, ಪಂಪಿಗೆ ಮೇಲಿನಿಂದ ನೀರು ತುಂಬಿಸುತ್ತೇನೆ, ನಲ್ಲಿಯಲ್ಲಿ ನೀರು ಬರುವ ತನಕ ಸ್ವಿಚ್ಚಿನ ಹತ್ತಿರವೇ ನಿಂತಿರುತ್ತೇನೆ. ಇನ್ನೊಂದು ಮಾತು: ಕೆರೆ ನೀರು ಎಷ್ಟೇ ತಿಳಿಯಾಗಿ ಕಂಡರೂ ಹಾಗೇ ಕುಡಿಯಲು ಕೊಡಬೇಡಿ. ಚೆನ್ನಾಗಿ ಕುದಿಸಿ ಆರಿಸಿಡಿ.

ಕೆರೆಯೊಳಗೆ ಚಾಚಿಕೊಂಡಿರುವ ಮರದ ಕಟ್ಟೆಯನ್ನು ನಾನು ಕಣ್ಣಿನಿಂದ ನೋಡಿ ಒಪ್ಪುವುದಿಲ್ಲ. ಸ್ಕ್ರೂಡ್ರೈವರ್ ತುದಿಯನ್ನು ಪ್ರತಿ ಹಲಗೆಗೂ, ಕಂಬಕ್ಕೂ ಒತ್ತಿ ನೋಡುತ್ತೇನೆ. ಗಟ್ಟಿ ಮರ ತಡೆಯುತ್ತದೆ. ಕೊಳೆತದ್ದಾದರೆ ಬೆಣ್ಣೆಗೆ ಚುಚ್ಚಿದ ಹಾಗೆ ಒಳಗೆ ಹೋಗುತ್ತದೆ. ಕಂಬದಲ್ಲಿ ನೀರಿನ ಮಟ್ಟ ಏರಿಳಿಯುವ ಜಾಗವನ್ನು ಮುಖ್ಯವಾಗಿ ನೋಡಿ. ಸದಾ ಮುಳುಗಿರುವ ಭಾಗ ಅಷ್ಟು ಬೇಗ ಕೊಳೆಯುವುದಿಲ್ಲ. ಮರ ತಿನ್ನುವ ಬೂಷ್ಟಿಗೆ ನೀರಿನ ಜೊತೆ ಗಾಳಿಯೂ ಬೇಕು, ಅವೆರಡೂ ಸಿಗುವುದು ಈ ಗೆರೆಯಲ್ಲೇ.

ದೋಣಿ ನನಗೆ ಕಲಿಸಿದಷ್ಟು ಯಾರೂ ಕಲಿಸಿಲ್ಲ. ನಮ್ಮದು ಹಲಗೆ ಜೋಡಿಸಿದ ಹಳೇ ದೋಣಿ. ಒಂಬತ್ತು ತಿಂಗಳು ಒಣಗಿದರೆ ಹಲಗೆ ಸೊರಗಿ, ಸಂದುಗಳಲ್ಲಿ ಬೆಳಕು ಕಾಣುತ್ತದೆ. ಮೊದಲ ವರ್ಷ ನಾನು ಗಾಬರಿಯಾಗಿ ಎಲ್ಲ ಸಂದಿಗೂ ಗಟ್ಟಿ ಪುಟ್ಟಿ ತುಂಬಿದೆ. ಭಾರೀ ಹೆಮ್ಮೆ ಬೇರೆ! ನೀರಿಗಿಳಿಸಿದ ಮೇಲೆ ಹಲಗೆಗಳು ಉಬ್ಬಿದವು, ಉಬ್ಬಲು ಜಾಗವಿಲ್ಲದೆ ಪುಟ್ಟಿಯನ್ನು ಹೊರಗೆ ತಳ್ಳಿದವು, ಎರಡು ಕಡೆ ಮೊಳೆಯೂ ಸಡಿಲವಾಯಿತು. ಅಪ್ಪ ನೋಡಿ, "ಅದಕ್ಕೆ ಬಾಯಾರಿಕೆ ಆಗಿತ್ತು ಕಣೋ, ನೀನು ಬಾಯಿಗೆ ಬಟ್ಟೆ ತುರುಕಿದೆ" ಅಂದರು. ದಂಡೆಯ ಹತ್ತಿರ, ಮೊಣಕಾಲುದ್ದ ನೀರಿನಲ್ಲಿ ಹಗ್ಗ ಕಟ್ಟಿ ಬಿಟ್ಟುಬಿಡಿ. ಅರ್ಧ ಮುಳುಗುತ್ತದೆ, ಮುಳುಗಲಿ. ಎರಡು ದಿನ ಕಳೆದು ನೀರು ತೋಡಿ ಹಾಕಿ. ಆಮೇಲೂ ಒಸರುವ ಜಾಗ ಯಾವುದೋ ಅದಕ್ಕೆ ಮಾತ್ರ ರಿಪೇರಿ.

ಮಕ್ಕಳಿಗೆ ಲೈಫ್ ಜಾಕೆಟ್ ಹಾಕಿಸಿದ ಮೇಲೆ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಿರಿ. ಗಲ್ಲ ದಾಟಿ ಮೂಗಿನ ತನಕ ಬಂತು ಅಂದರೆ ಅದು ಆ ಮಗುವಿನ ಅಳತೆಯದಲ್ಲ. ಈಜುವ ಜಾಗದಲ್ಲಿ ಪ್ರತಿ ವರ್ಷ ನಾನೇ ಇಳಿದು ಕಾಲಿನಿಂದ ತಳ ತಡಕುತ್ತೇನೆ. ಹೋದ ವರ್ಷ ಇಲ್ಲದ ಮರದ ದಿಮ್ಮಿ ಈ ವರ್ಷ ಇರಬಹುದು. ಬೇಸಿಗೆಯಲ್ಲಿ ಮೇಲಿನ ನೀರು ಬೆಚ್ಚಗಿದ್ದರೂ ಆಳಕ್ಕೆ ಹೋದರೆ ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ, ಇದನ್ನು ಬಂದವರಿಗೆ ಮೊದಲೇ ಹೇಳಿ. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಕೆನೆ ಕಟ್ಟಿದ್ದರೆ ಯಾರನ್ನೂ ಇಳಿಸಬೇಡಿ, ಸಾಕುನಾಯಿಯನ್ನೂ. ಕೆಲವು ಪಾಚಿ ವಿಷ.

ಹಳೇ ಮನೆ ಅಂತ ಎಲ್ಲವನ್ನೂ ಹೊಸದು ಮಾಡಲು ಹೋಗಬೇಡಿ. ಹಳೇದು ಬೇರೆ, ಹಾಳು ಬೇರೆ ಅಲ್ವಾ? ಕಿರುಗುಡುವ ಮೆಟ್ಟಿಲು ಇರಲಿ. ಅಲುಗಾಡುವ ಮೆಟ್ಟಿಲು ಬೇಡ. ಟಿವಿ ಇಲ್ಲ, ಫೋನ್ ಸಿಗ್ನಲ್ ಜಗಲಿಯ ಎಡ ಮೂಲೆಯಲ್ಲಿ ಮಾತ್ರ ಅಂತ ಬುಕ್ ಮಾಡುವಾಗಲೇ ಹೇಳಿಬಿಡಿ. ಒಮ್ಮೆ ನಾವು ಹೇಳಿರಲಿಲ್ಲ. ಬಂದ ಕುಟುಂಬ ಮಾರನೇ ದಿನವೇ ಗಂಟುಮೂಟೆ ಕಟ್ಟಿತು. ತಪ್ಪು ಅವರದಲ್ಲ.

ಎಲ್ಲ ಮುಗಿದ ಮೇಲೆ, ಮನೆಯಲ್ಲಿ ಯಾವ ಕೋಣೆ ಸರಿಯಿಲ್ಲ ಅನಿಸುತ್ತದೋ ಅಲ್ಲಿ ಒಂದು ರಾತ್ರಿ ನೀವೇ ಮಲಗಿ. ನಮ್ಮದು ಹಿಂಬದಿಯ ಆರನೇ ಕೋಣೆ. ಕಳೆದ ಸಲ ರಾತ್ರಿ ಎರಡಕ್ಕೆ ಎಚ್ಚರವಾಯಿತು. ಕೆರೆಯ ಗಾಳಿಗೆ ಕಿಟಕಿಯ ಚಿಲಕ ಟಕ್, ಟಕ್ ಅಂತ ಬಡಿಯುತ್ತಿತ್ತು. ಹಗಲಲ್ಲಿ ಹತ್ತು ಸಲ ಆ ಕಿಟಕಿ ಒರೆಸಿದ್ದೆ, ಗೊತ್ತೇ ಆಗಿರಲಿಲ್ಲ. ಬೆಳಿಗ್ಗೆ ಹಳೇ ಚಪ್ಪಲಿಯ ರಬ್ಬರ್ ಕತ್ತರಿಸಿ ಚಿಲಕದ ಸಂದಿಗೆ ಸಿಕ್ಕಿಸಿದೆ.