ಸ್ಟ್ರಾಸ್ ಮತ್ತು ಮಾಲರ್: ಧ್ವನಿಮುದ್ರಣಗಳನ್ನು ನಾನು ಹೋಲಿಸಿ ಕೇಳುವ ಬಗೆ

ಕರ್ನಾಟಕ ಸಂಗೀತದಲ್ಲಿ ಒಂದೇ ಕೃತಿಯನ್ನು ಇಬ್ಬರು ವಿದ್ವಾಂಸರು ಹಾಡಿದರೆ ಸಂಗತಿಗಳು, ನೆರವಲು, ಕಲ್ಪನಾಸ್ವರ ಎಲ್ಲವೂ ಬೇರೆಯಾಗುವುದರಿಂದ ವ್ಯತ್ಯಾಸ ಕೂಡಲೇ ಕಿವಿಗೆ ಬೀಳುತ್ತದೆ. ವಾದ್ಯವೃಂದಕ್ಕಾಗಿ ಬರೆದ ದೀರ್ಘ ಕೃತಿಯಾದ ಪಾಶ್ಚಾತ್ಯ ಸಿಂಫನಿಯಲ್ಲಿ, ಹಾಗೆಯೇ ವಾದ್ಯವೃಂದದೊಡನೆ ಹಾಡುವ ಗೀತೆಗಳಲ್ಲಿ ಸ್ವರಗಳೆಲ್ಲ ಮೊದಲೇ ಬರೆದಿಟ್ಟಿರುತ್ತವೆ. ಬದಲಾಗುವುದು ಕಾಲಪ್ರಮಾಣ, ಉಸಿರು ಮತ್ತು ಯಾವ ವಾದ್ಯವನ್ನು ಎಷ್ಟು ಮುಂದಕ್ಕೆ ತರಬೇಕೆಂಬ ನಿರ್ಧಾರ ಮಾತ್ರ. ಆದ್ದರಿಂದ ಇಡೀ ಕೃತಿಯ ಹಲವು ಧ್ವನಿಮುದ್ರಣಗಳನ್ನು ಒಂದರ ಹಿಂದೊಂದು ಕೇಳಿ ತೀರ್ಪು ಕೊಡುವ ಕ್ರಮವನ್ನು ನಾನು ಇಟ್ಟುಕೊಂಡಿಲ್ಲ. ಪ್ರತಿ ಕೃತಿಯಲ್ಲಿ ಎರಡು ಮೂರು ಜಾಗಗಳನ್ನು ಆರಿಸಿಕೊಂಡು, ಅಲ್ಲಿ ಬರೆದಿರುವುದೇನು ಎಂಬುದನ್ನು ಸ್ವರಲಿಪಿಯಲ್ಲಿ ನೋಡಿ, ಆಮೇಲೆ ಬೇರೆ ಬೇರೆಯವರು ಅದನ್ನು ಹೇಗೆ ದಾಟುತ್ತಾರೆಂದು ಕೇಳುತ್ತೇನೆ.

ಇದಕ್ಕೆ ಬೇಕಾದ ಸಿದ್ಧತೆ ಹೆಚ್ಚೇನಿಲ್ಲ. ಎಲ್ಲ ಧ್ವನಿಮುದ್ರಣಗಳೂ ಒಂದೇ ಮಟ್ಟದ ಗಟ್ಟಿತನದಲ್ಲಿ ಕೇಳಿಸುವಂತೆ ವಾಲ್ಯೂಮ್ ಹೊಂದಿಸಿಕೊಳ್ಳುವುದು ಮುಖ್ಯ, ಏಕೆಂದರೆ ತುಸು ಜೋರಾಗಿ ಕೇಳಿಸುವುದೇ ಹೆಚ್ಚು ಜೀವಂತವೆಂದು ಕಿವಿ ನಂಬಿಬಿಡುತ್ತದೆ. ಹಳೆಯ ಮೋನೊ ಮುದ್ರಣವನ್ನು ಹೊಸ ಸ್ಟೀರಿಯೊದ ಬೆನ್ನಿಗೇ ಕೇಳಿದರೆ ಮೋನೊಗೆ ಅನ್ಯಾಯವಾಗುವುದರಿಂದ ಅದನ್ನೇ ಮೊದಲು ಕೇಳುತ್ತೇನೆ.

ಈ ಬಗೆಯ ಕೇಳುವಿಕೆಗೆ ನಾನು ಮತ್ತೆ ಮತ್ತೆ ಹಿಂತಿರುಗುವ ಕೃತಿ ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್ ಅವರ 'ಕೊನೆಯ ನಾಲ್ಕು ಹಾಡುಗಳು'. 1948ರಲ್ಲಿ, ಎಂಬತ್ತನಾಲ್ಕರ ವಯಸ್ಸಿನಲ್ಲಿ ಅವರು ಇವನ್ನು ಬರೆದು ಮುಗಿಸಿದರು. 1949ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮೂರು ಹಾಡುಗಳ ಸಾಹಿತ್ಯ ಹರ್ಮನ್ ಹೆಸ್ಸೆಯದು. ಉಳಿದ 'ಸಂಜೆಗೆಂಪಿನಲ್ಲಿ' ಐಖೆನ್‌ಡಾರ್ಫ್ ಕವಿಯದು: ಸುಖದುಃಖಗಳಲ್ಲಿ ಕೈಹಿಡಿದು ನಡೆದುಬಂದ ಮುದುಕ ದಂಪತಿ ದಣಿದು ನಿಂತಿದ್ದಾರೆ, ಮುಸ್ಸಂಜೆಯ ಆಕಾಶಕ್ಕೆ ಎರಡು ಬಾನಾಡಿಗಳು ಏರುತ್ತಿವೆ, 'ಇದೇ ಇರಬಹುದೇ ಸಾವು' ಎಂಬ ಪ್ರಶ್ನೆಯೊಂದಿಗೆ ಮಾತು ನಿಲ್ಲುತ್ತದೆ. ಆ ಪ್ರಶ್ನೆಯ ಹೊತ್ತಿಗೆ ಸ್ಟ್ರಾಸ್ ಸುಮಾರು ಅರವತ್ತು ವರ್ಷಗಳ ಹಿಂದೆ ತಾವೇ ಬರೆದಿದ್ದ 'ಮರಣ ಮತ್ತು ರೂಪಾಂತರ' ಎಂಬ ವಾದ್ಯವೃಂದ ಕೃತಿಯ ಸ್ವರಗುಚ್ಛವನ್ನು ವಾದ್ಯವೃಂದದಲ್ಲಿ ಮೆಲ್ಲಗೆ ನೆನೆಯುತ್ತಾರೆ.

ಈ ಹಾಡಿನಲ್ಲಿ ನಾನು ಆರಿಸಿಕೊಂಡ ಜಾಗಗಳು ಮೂರು: ಗಾಯಕಿ ಬಾಯಿ ತೆರೆಯುವ ಮೊದಲಿನ ದೀರ್ಘ ಪೀಠಿಕೆ, ಸಾವಿನ ಪ್ರಶ್ನೆ, ಮತ್ತು ಪಿಕೊಲೊ ಎಂಬ ಪುಟ್ಟ ಕೊಳಲುಗಳ ಟ್ರಿಲ್‌ನಲ್ಲಿ, ಅಂದರೆ ಎರಡು ಸ್ವರಗಳ ನಡುವಿನ ವೇಗದ ತುಯ್ದಾಟದಲ್ಲಿ, ಬಾನಾಡಿಗಳು ಕೇಳಿಸುವ ಮುಕ್ತಾಯ. 1953ರಲ್ಲಿ ಲೀಸಾ ಡೆಲ್ಲಾ ಕಾಜಾ ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ ಕಾರ್ಲ್ ಬಮ್ ನಿರ್ದೇಶನದಲ್ಲಿ ಹಾಡಿದಾಗ ಇಡೀ ಹಾಡು ಆರು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಜೆಸ್ಸಿ ನಾರ್ಮನ್ ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ವಾದ್ಯವೃಂದದೊಡನೆ ಕುರ್ಟ್ ಮಜೂರ್ ನಿರ್ದೇಶನದಲ್ಲಿ 1982ರಲ್ಲಿ ಮಾಡಿದ ಧ್ವನಿಮುದ್ರಣದಲ್ಲಿ ಅದೇ ಹಾಡು ಹತ್ತು ನಿಮಿಷದ ಹತ್ತಿರಕ್ಕೆ ಹೋಗುತ್ತದೆ. ಸ್ವರಲಿಪಿಯ ಮೇಲಿರುವುದು ನಡಿಗೆಯ ಗತಿಯ 'ಆಂದಾಂತೆ' ಎಂಬ ಸೂಚನೆಯಾದ್ದರಿಂದ, ಬರೆದದ್ದಕ್ಕೆ ಬದ್ಧರಾದವರು ಬಮ್ ಎಂದೇ ಹೇಳಬೇಕು. 'ದಾಫ್ನೆ' ಒಪೆರಾವನ್ನು ಸ್ಟ್ರಾಸ್ ಅರ್ಪಿಸಿದ್ದೂ ಇದೇ ಬಮ್ ಅವರಿಗೆ. ಅವರ ಪೀಠಿಕೆಯಲ್ಲಿ ಆ ಇಬ್ಬರು ಮುದುಕರು ಇನ್ನೂ ನಡೆಯುತ್ತಿರುವುದು ಗೊತ್ತಾಗುತ್ತದೆ, ಡೆಲ್ಲಾ ಕಾಜಾ ಕೂಡ ಪ್ರಶ್ನೆಯನ್ನು ಹತ್ತಿರದಲ್ಲಿರುವವರನ್ನು ಕೇಳಿದಷ್ಟೇ ಸಹಜವಾಗಿ ಕೇಳುತ್ತಾರೆ. ಹಾಗೆಂದು ನಾರ್ಮನ್ ಅವರದನ್ನು ತಳ್ಳಿಹಾಕಲು ನನ್ನಿಂದ ಆಗಿಲ್ಲ. ಅಷ್ಟು ವಿಳಂಬದಲ್ಲಿ ಬೇರೆಯವರು ಹಾಡಿದ್ದರೆ ಸಾಲು ನಡುವೆಯೇ ಮುರಿಯುತ್ತಿತ್ತು. ಅವರ ಉಸಿರು ಸಾಲಿನ ಕೊನೆಯವರೆಗೂ ಕುಗ್ಗುವುದಿಲ್ಲ, ಕೆಳಸ್ಥಾಯಿಯ ಸ್ವರಗಳಲ್ಲಿಯೂ ಅದೇ ತುಂಬುತನ ಉಳಿಯುತ್ತದೆ. ನಿಧಾನಗತಿಯನ್ನು ಕಂಠ ಹೊರಬಲ್ಲುದೇ ಎಂಬುದನ್ನು ನೋಡದೆ ಗಡಿಯಾರವನ್ನಷ್ಟೇ ನೋಡಿ ಒಂದು ಧ್ವನಿಮುದ್ರಣವನ್ನು ಎಳೆದಾಟವೆಂದು ಕರೆಯುವವರ ಮಾತನ್ನು ನಾನು ಹೆಚ್ಚು ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಎಲಿಸಬೆತ್ ಶ್ವಾರ್ಜ್‌ಕಾಫ್ ಇದನ್ನು ಸ್ಟುಡಿಯೊದಲ್ಲಿ ಎರಡು ಸಲ ಹಾಡಿದ್ದಾರೆ: 1953ರಲ್ಲಿ ಆಟೊ ಆಕರ್‌ಮನ್ ನಿರ್ದೇಶನದಲ್ಲಿ, 1965ರಲ್ಲಿ ಬರ್ಲಿನ್ನಿನಲ್ಲಿ ಜಾರ್ಜ್ ಸೆಲ್ ನಿರ್ದೇಶನದಲ್ಲಿ. ಎಲ್ಲರ ಬಾಯಲ್ಲಿರುವುದು ಎರಡನೆಯದು. ಅದರಲ್ಲಿ ಸೆಲ್ ವಾದ್ಯವೃಂದದ ಒಂದೊಂದು ಎಳೆಯನ್ನೂ ಬಿಡಿಸಿ ತೋರಿಸುತ್ತಾರೆ ಎಂಬುದು ನಿಜ. ಆದರೆ ಗಾಯಕಿ ಪ್ರತಿ ಪದದ ಮೇಲೂ ಒಂದು ಅರ್ಥವನ್ನು ಇಟ್ಟು ಮುಂದೆ ಹೋಗುವುದರಿಂದ ನನಗೆ ಕೆಲವೊಮ್ಮೆ ಹಾಡಿಗಿಂತ ವ್ಯಾಖ್ಯಾನ ಕೇಳಿದಂತಾಗುತ್ತದೆ. 1953ರ ಮೋನೊದಲ್ಲಿ ಕಂಠ ಎಳೆಯದು, ಸಾಲು ನೇರವಾಗಿ ಹರಿಯುತ್ತದೆ. ಎರಡರಲ್ಲಿ ನಾನು ಹೆಚ್ಚು ಕೇಳುವುದು ಇದನ್ನೇ.

'ನಿದ್ರೆಗೆ ಹೋಗುವಾಗ' ಎಂಬ ಹಾಡಿನಲ್ಲಿ ಒಂದೇ ಜಾಗ ಸಾಕು. ಎರಡನೆಯ ಮತ್ತು ಮೂರನೆಯ ನುಡಿಗಳ ನಡುವೆ ಒಂಟಿ ಪಿಟೀಲಿನ ದೀರ್ಘ ಭಾಗವೊಂದಿದೆ. ಅದು ಮುಗಿದಾಗ ಗಾಯಕಿ ಅದೇ ರಾಗವನ್ನು ಎತ್ತಿಕೊಂಡು, ಕಾವಲಿಲ್ಲದ ಆತ್ಮ ಹಾರಲು ಬಯಸುತ್ತಿದೆ ಎಂದು ಹಾಡಬೇಕು. ಕಂಠ ಅಲ್ಲಿ ಹೊಸದಾಗಿ ಪ್ರವೇಶ ಮಾಡಿದಂತೆ ಕೇಳಿಸಿದರೆ ಆ ಧ್ವನಿಮುದ್ರಣ ನನ್ನ ಮಟ್ಟಿಗೆ ಸೋತಿತು. ಗುಂಡುಲಾ ಯಾನೊವಿಟ್ಸ್ 1973ರಲ್ಲಿ ನಿರ್ದೇಶಕ ಕಾರಾಯನ್ ಮತ್ತು ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ ಹಾಡುವಾಗ ಪಿಟೀಲಿನ ಬಿಲ್ಲೇ ಮುಂದುವರಿದಂತೆ ಭಾಸವಾಗುತ್ತದೆ. ಪದಗಳು ಅಷ್ಟು ಸ್ಪಷ್ಟವಿಲ್ಲ, ಕಾರಾಯನ್ ತಂತಿವಾದ್ಯಗಳನ್ನು ಅತಿಯಾಗಿ ಮೆರುಗುಗೊಳಿಸುತ್ತಾರೆ ಎಂಬ ದೂರೂ ಸರಿಯೇ. ಆದರೂ ಈ ಜಾಗದಲ್ಲಿ ಯಾನೊವಿಟ್ಸ್ ಅವರನ್ನು ಮೀರಿಸಿದ್ದನ್ನು ನಾನು ಕೇಳಿಲ್ಲ.

ಈ ಹಾಡುಗಳಿಗೂ ಮೈಸೂರಿಗೂ ಇರುವ ನಂಟನ್ನು ಬಿಟ್ಟು ಮುಂದೆ ಹೋಗಲಾಗದು. ಇವು ಮೊದಲ ಬಾರಿಗೆ ಕೇಳಿಬಂದದ್ದು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಫಿಲ್‌ಹಾರ್ಮೋನಿಯ ವಾದ್ಯವೃಂದ. ಆ ಕಛೇರಿಯ ಖರ್ಚಿಗೆ ಭರವಸೆಯಾಗಿ ನಿಂತವರು ಜಯಚಾಮರಾಜೇಂದ್ರ ಒಡೆಯರ್. ತಮ್ಮ ಸಂಗ್ರಹಕ್ಕೆ ಅದರ ಧ್ವನಿಮುದ್ರಣ ಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. 'ಶ್ರೀವಿದ್ಯಾ' ಅಂಕಿತದಲ್ಲಿ ಕೃತಿಗಳನ್ನು ರಚಿಸಿದ ಅರಸರೇ ರಷ್ಯದ ಸಂಯೋಜಕ ಮೆಟ್ನರ್ ಅವರ ಕೃತಿಗಳನ್ನು ಸ್ವತಃ ಅವರ ಪಿಯಾನೊ ವಾದನದಲ್ಲಿ ಮುದ್ರಿಸಲು ನೆರವಾದರು, ಕಾರಾಯನ್ 1949ರಲ್ಲಿ ಇನ್ನೊಬ್ಬ ರಷ್ಯನ್ ಸಂಯೋಜಕ ಬಾಲಕಿರೆವ್ ಅವರ ಮೊದಲ ಸಿಂಫನಿಯನ್ನು ಮುದ್ರಿಸಿದ್ದಕ್ಕೂ ಮೈಸೂರಿನ ಹಣವೇ ಆಸರೆ. ಫ್ಲಾಗ್‌ಸ್ಟಾಡ್ ಹಾಡಿದ ಆ ಸಂದರ್ಭದ ಧ್ವನಿಮುದ್ರಣ ಈಗಲೂ ಸಿಗುತ್ತದೆ, ಆದರೆ ಚರಪರ ಸದ್ದಿನ ಹಿಂದೆ ವಾದ್ಯಗಳು ಮಸುಕಾಗಿರುವುದರಿಂದ ನಾನು ಗುರುತಿಟ್ಟುಕೊಂಡ ಜಾಗಗಳನ್ನು ಅದರಲ್ಲಿ ಹೋಲಿಸುವುದು ಕಷ್ಟ. ಅದರಿಂದ ನಾನು ಪಡೆದದ್ದು ಹಾಡುಗಳ ಕ್ರಮ. ಅಂದು 'ನಿದ್ರೆಗೆ ಹೋಗುವಾಗ' ಮೊದಲು ಬಂದು, 'ಸೆಪ್ಟೆಂಬರ್' ಆದ ಮೇಲೆ 'ವಸಂತ' ಮೂರನೆಯದಾಗಿತ್ತು. 'ವಸಂತ'ದಿಂದ ಆರಂಭವಾಗುವ ಇಂದಿನ ಕ್ರಮವನ್ನೂ ಒಟ್ಟು ಶೀರ್ಷಿಕೆಯನ್ನೂ ಕೊಟ್ಟವರು ಪ್ರಕಾಶಕರ ಪರವಾಗಿ ಎರ್ನ್‌ಸ್ಟ್ ರಾತ್. ಏರುಸ್ವರಗಳ 'ವಸಂತ'ವನ್ನು ಕಂಠ ಪಳಗುವ ಮೊದಲೇ ಹಾಡಬೇಕಾದ ಕಷ್ಟ ಹಳೆಯ ಕ್ರಮದಲ್ಲಿಲ್ಲ, ಹಾಗಾಗಿ ನಾನು ಕೆಲವು ಧ್ವನಿಮುದ್ರಣಗಳನ್ನು ಆ ಕ್ರಮಕ್ಕೆ ಜೋಡಿಸಿಕೊಂಡು ಕೇಳುತ್ತೇನೆ.

ಸಿಂಫನಿ ಮತ್ತು ಹಾಡು ಒಂದರಲ್ಲೇ ಸೇರಿರುವ ಕೃತಿಯೆಂದು ಆಸ್ಟ್ರಿಯದ ಸಂಯೋಜಕ ಮಾಲರ್ ಅವರ ನಾಲ್ಕನೆಯ ಸಿಂಫನಿಯನ್ನೂ ಇದೇ ರೀತಿ ಕೇಳಿದ್ದೇನೆ. ಅದರ ಕೊನೆಯ ಭಾಗ, 1892ರಲ್ಲೇ ಬರೆದಿದ್ದ, ಮಗುವಿನ ಕಣ್ಣಿಗೆ ಕಂಡ ಸ್ವರ್ಗದ ಹಾಡು. ಮಗುವಿನಂಥ ಹರ್ಷದಿಂದ, ಆದರೆ ಎಳ್ಳಷ್ಟೂ ಅಣಕವಿಲ್ಲದೆ ಹಾಡಬೇಕೆಂದು ಮಾಲರ್ ಬರೆದಿದ್ದಾರೆ. ಲೆನಾರ್ಡ್ ಬರ್ನ್‌ಸ್ಟೈನ್ 1987ರ ಧ್ವನಿಮುದ್ರಣದಲ್ಲಿ ಇದನ್ನು ಹುಡುಗನೊಬ್ಬನಿಂದಲೇ ಹಾಡಿಸಿದರು. ದೀರ್ಘ ಸಾಲುಗಳಲ್ಲಿ ಅವನು ಪಡುವ ಶ್ರಮ ಕೇಳಿಸಿಬಿಡುವುದರಿಂದ ಹರ್ಷವೇ ಮರೆಯಾಗುತ್ತದೆ. ಕ್ಲೆಂಪರರ್ ನಿರ್ದೇಶನದಲ್ಲಿ 1961ರಲ್ಲಿ ಹಾಡಿದ ಶ್ವಾರ್ಜ್‌ಕಾಫ್ ಅವರದು ಮಗುವಿನ ವೇಷ ತೊಟ್ಟ ಜಾಣೆಯ ದನಿ. ಕ್ಲೀವ್‌ಲ್ಯಾಂಡ್ ವಾದ್ಯವೃಂದದೊಡನೆ 1965ರಲ್ಲಿ ಸೆಲ್ ಮಾಡಿದ ಧ್ವನಿಮುದ್ರಣದಲ್ಲಿ ಜೂಡಿತ್ ರಾಸ್ಕಿನ್ ಏನನ್ನೂ ನಟಿಸದೆ ಹಾಡುತ್ತಾರೆ, ಮಾಲರ್ ಕೇಳಿದ್ದು ಅಲ್ಲಿ ಸಿಗುತ್ತದೆ.

ಆರಂಭದಲ್ಲಿ ಗೆಜ್ಜೆ ಮತ್ತು ಫ್ಲೂಟ್‌ಗಳ ಬೆನ್ನಿಗೆ ಪಿಟೀಲುಗಳು ರಾಗಕ್ಕೆ ಕಾಲಿಡುವ ಕ್ಷಣ ನನ್ನ ಇನ್ನೊಂದು ಗುರುತು. ಸೆಲ್ ಅಲ್ಲಿ ಕೂದಲೆಳೆಯಷ್ಟು ತಡೆಯುತ್ತಾರೆ. ವಿಲ್ಲೆಮ್ ಮೆಂಗೆಲ್‌ಬರ್ಗ್ 1939ರ ಆಮ್‌ಸ್ಟರ್‌ಡ್ಯಾಮ್ ಕಛೇರಿಯಲ್ಲಿ ಎಲ್ಲವೂ ನಿಂತೇಹೋಯಿತೆನ್ನುವಷ್ಟು ಎಳೆಯುತ್ತಾರೆ. ಅದು ವಿಪರೀತವೆಂದು ತಳ್ಳಿಹಾಕುವ ಮೊದಲು, 1904ರಲ್ಲಿ ಅದೇ ಊರಿನಲ್ಲಿ ಮಾಲರ್ ಒಂದೇ ಸಂಜೆ ಈ ಸಿಂಫನಿಯನ್ನು ಎರಡು ಸಲ ನಡೆಸಿಕೊಟ್ಟಾಗ ಮೆಂಗೆಲ್‌ಬರ್ಗ್ ಅದಕ್ಕೆ ಸಾಕ್ಷಿಯಾಗಿದ್ದರು, ತಮ್ಮ ಪ್ರತಿಯಲ್ಲಿ ಟಿಪ್ಪಣಿಗಳನ್ನೂ ಮಾಡಿಕೊಂಡಿದ್ದರು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೊಸದಾಗಿ ಕೇಳುವವರು ಸೆಲ್ ಅವರಿಂದ ಆರಂಭಿಸಲಿ. ಮೆಂಗೆಲ್‌ಬರ್ಗ್ ಅವರನ್ನು ಕೃತಿ ಬಾಯಿಪಾಠವಾದ ಮೇಲೆ ಕೇಳುವುದು ಒಳ್ಳೆಯದು.